ಮೆಂಬರ್ರು

ಅವರಿಗೂ ಒಂದು ಹೆಸರಿತ್ತು. ಮತದಾರರ ಪಟ್ಟಿಯಲ್ಲಿ, ಮದುವೆಯ ಲಗ್ನಪತ್ರಿಕೆಯಲ್ಲಿ, ಸೊಸೈಟಿಯ ಸಾಲದ ಪತ್ರದಲ್ಲಿ ಅದು ಇದ್ದೇ ಇತ್ತು. ಆದರೆ ಪುರಸಭೆಗೆ ಒಂದು ಸಲ ಆರಿಸಿ ಬಂದದ್ದೇ ತಡ, ಆ ಹೆಸರು ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಪೋಸ್ಟ್‌ಮ್ಯಾನ್ ‘ಮೆಂಬರ್ರೇ, ಕಾಗದ’ ಎಂದ. ಹಾಲಿನವಳು ‘ಮೆಂಬರಣ್ಣಾರು ಎದ್ದವ್ರಾ?’ ಎಂದು ಕೇಳಿದಳು. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದ ಕಾಲ ಅದು. ಅವರ ಹೆಂಡತಿಗಂತೂ ಬಹಳ ಅನುಕೂಲವಾಯಿತು. ‘ಇವರು’, ‘ನಮ್ಮ ಮನೆಯವರು’, ‘ಹುಡುಗನ ಅಪ್ಪ’ ಎಂದು ಸುತ್ತಿ ಬಳಸುವ ಕಷ್ಟ ತಪ್ಪಿ, ‘ಮೆಂಬರ್ರು ಸ್ನಾನಕ್ಕೆ ಹೋಗಿದಾರೆ, ಕೂತ್ಕೊಳ್ಳಿ’ ಎಂದು ಧಾರಾಳವಾಗಿ ಹೇಳತೊಡಗಿದರು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, 1950ರ ದಶಕದಲ್ಲಿ ಇಂಥವರೊಬ್ಬರಿಲ್ಲದ ಪುರಸಭೆ ಇದ್ದಿರಲಾರದು. ಇಲ್ಲಿರುವವರು ಯಾರೊಬ್ಬರೂ ಅಲ್ಲ, ಎಲ್ಲರಲ್ಲೂ ಸ್ವಲ್ಪ ಸ್ವಲ್ಪ. ಕಣ್ಣಿಗೆ ಕಟ್ಟಲಿ ಎಂದು ಹಾಸನದಲ್ಲಿ ಸಾಲಗಾಮೆ ರಸ್ತೆ ಊರು ಬಿಡುವ ಕಡೆ ಅವರಿಗೊಂದು ಜಗಲಿ ಮನೆ ಕೊಟ್ಟು ಕೂರಿಸಿದ್ದೇನೆ, ಅಷ್ಟೆ. ಈ ಸೀಮೆಯ ಹಳ್ಳಿಯವರನ್ನು ಗೊರೂರು ರಾಮಸ್ವಾಮಿ ಅಯ್ಯಂಗಾರರು ನಗುನಗುತ್ತಾ ಬರೆದು ಮುಗಿಸಿಬಿಟ್ಟಿದ್ದಾರೆ. ನನ್ನ ಪಾಲಿಗೆ ಮೆಂಬರ್ರು ಉಳಿದರು.

ಆ ದಶಕಕ್ಕೂ ಮೊದಲಿನ ಮೆಂಬರ್‌ಗಿರಿಯೇ ಬೇರೆ. ಕಂದಾಯ ಕಟ್ಟುವವರಿಗೆ, ಓದು ಬಲ್ಲವರಿಗೆ ಮಾತ್ರ ಓಟು ಎಂದಿದ್ದಾಗ ಅದು ನಾಲ್ಕು ಜನ ಸಾಹುಕಾರರೂ ವಕೀಲರೂ ತಮ್ಮ ತಮ್ಮಲ್ಲೇ ಹಂಚಿಕೊಂಡ ಮರ್ಯಾದೆ. 1951ರ ಮೈಸೂರು ಟೌನ್ ಮುನಿಸಿಪಾಲಿಟಿಗಳ ಕಾಯ್ದೆ ಬಂದು ವಯಸ್ಸಿಗೆ ಬಂದವರಿಗೆಲ್ಲ ಓಟು ಕೊಟ್ಟಿತು. ಸೊಪ್ಪಿನವಳ ಓಟೂ ಮಂಡಿ ಸಾಹುಕಾರನ ಓಟೂ ಒಂದೇ ತೂಕವಾಯಿತು. ಎದುರಿನವರು ಕೈಮುಗಿಯುವ ತನಕ ಕಾಯದೆ ತಾವೇ ಮೊದಲು ಮುಗಿಯುವುದನ್ನು ನಮ್ಮ ಮೆಂಬರ್ರು ಕಲಿತದ್ದು ಆಗ. ಒಂದು ಸಲ ಕಲಿತ ಮೇಲೆ ಬಿಡಲಾಗಲಿಲ್ಲ. ದೀಪದ ಕಂಬದ ಪಕ್ಕ ಕತ್ತಲಲ್ಲಿ ನಿಂತಿದ್ದ ಎಮ್ಮೆಗೂ ಒಂದು ಸಲ ಕೈಮುಗಿದರೆಂದು ಸೋತ ಅಭ್ಯರ್ಥಿಯ ಕಡೆಯವರು ಹೇಳಿಕೊಂಡು ತಿರುಗಿದರು. ಅದನ್ನು ನಂಬಬೇಕಾಗಿಲ್ಲ. ದೀಪ ಉರಿಯುತ್ತಿರಲಿಲ್ಲ ಎಂಬುದನ್ನು ಮಾತ್ರ ನಂಬಬಹುದು.

ಬೆಳಿಗ್ಗೆ ಜಗಲಿ ಮೇಲೆ ಕೂತರೆಂದರೆ ದರ್ಬಾರು ಶುರು. ‘ನಲ್ಲೀಲಿ ಬರೀ ಗಾಳಿ ಬತ್ತಾ ಅದೆ ಕಣಣ್ಣ, ನೀರು ಯಾವಾಗ?’ ಎಂದು ಬಿಂದಿಗೆ ಹಿಡಿದೇ ಬಂದವಳು ಒಬ್ಬಳು. ಹಂದಿ ಹಿತ್ತಲಿಗೆ ನುಗ್ಗಿದ್ದು, ಎದುರು ಮನೆಯವನು ಬಚ್ಚಲ ನೀರನ್ನು ಬೀದಿಗೆ ಬಿಟ್ಟದ್ದು, ದನವನ್ನು ದೊಡ್ಡಿಗೆ ಹೊಡೆದದ್ದು, ಸೈಕಲ್ಲಿಗೆ ಬಿಲ್ಲೆ ಇಲ್ಲವೆಂದು ಮಗನನ್ನು ಹಿಡಿದದ್ದು, ಎಲ್ಲವೂ ಅಲ್ಲಿಗೆ ಬರುತ್ತಿತ್ತು. ಎಲ್ಲದಕ್ಕೂ ಮೆಂಬರ್ರ ಉತ್ತರ ಒಂದೇ: ‘ಬರೆದುಕೊಡಿ, ಮೀಟಿಂಗಿಗೆ ತರ್ತೀನಿ.’ ಬರೆಯಲು ಬಾರದವರಿಗೆ ತಾವೇ ಬರೆದುಕೊಡುತ್ತಿದ್ದರು. ತಾವೇ ಬರೆದ ಅರ್ಜಿಯನ್ನು ತಾವೇ ಕೈಚಾಚಿ ಇಸಿದುಕೊಂಡು, ಮೂಲೆಯಲ್ಲಿ ‘ಪರಿಶೀಲಿಸುವುದು’ ಎಂದು ಷರಾ ಹಾಕಿ, ಕೋಟಿನ ಒಳಜೇಬಿಗೆ ಇಳಿಸುವಾಗ ಅವರ ಮುಖದಲ್ಲಿ ಬರುತ್ತಿದ್ದ ಗಾಂಭೀರ್ಯ ಹೈಕೋರ್ಟಿನ ಜಡ್ಜಿಗೂ ಬರಲಾರದು. ಪೆನ್ಷನ್ ಮೊಹಲ್ಲಾ ಎಂಬ ಹೆಸರಿನ ಬಡಾವಣೆಯೇ ಇರುವ ಊರಿನಲ್ಲಿ ಪೆನ್ಷನ್‌ದಾರರ ಅರ್ಜಿಗೆ ಬರವೇ? ಅವು ಇಂಗ್ಲಿಷಿನಲ್ಲಿ, ಪ್ಯಾರಾ ನಂಬರಿನ ಸಮೇತ, ‘ನಕಲು: ಡೆಪ್ಯುಟಿ ಕಮಿಷನರ್ ಅವರಿಗೆ’ ಎಂಬ ಒಕ್ಕಣೆಯೊಂದಿಗೆ ಬರುತ್ತಿದ್ದವು. ಮೆಂಬರ್ರು ಅವನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಓದದೆ, ಬೇರೆ ಜೇಬಿನಲ್ಲಿ ಇಡುತ್ತಿದ್ದರು.

ಇಷ್ಟು ಸಾಲದೆಂದು ಸಾಲಗಾಮೆ ಬೇರೆ ಇತ್ತು. ಹೆಂಡತಿಯ ತವರು. ಸಾಲಗಾಮೆ ಹೋಬಳಿಗೂ ಹಾಸನದ ಪುರಸಭೆಗೂ ಕಾನೂನಿನಲ್ಲಿ ಯಾವ ಸಂಬಂಧವೂ ಇರಲಿಲ್ಲ. ಆದರೆ ಅಳಿಯ ಮೆಂಬರಾದ ಮೇಲೆ ಕಾನೂನು ಯಾರಿಗೆ ಬೇಕು? ಭಾಮೈದ ಆಲೂಗಡ್ಡೆ ಚೀಲ ಹೇರಿದ ಗಾಡಿ ಹೊಡೆದುಕೊಂಡು ಸುಂಕದ ಕಟ್ಟೆಗೆ ಬಂದ.

‘ಬಿಡಯ್ಯ ಗಾಡಿಯ. ನಮ್ ಭಾವ ಮೆಂಬರ್ರು.’

‘ಗೊತ್ತು ಕಣಣ್ಣ. ಅವರೇ ಹೇಳವ್ರೆ, ಸಾಲಗಾಮೆ ಗಾಡಿ ಬಂದ್ರೆ ಚೀಲವ ಎರಡು ಸಲ ಎಣ್ಸು ಅಂತ.’

ಇದನ್ನು ಪ್ರಾಮಾಣಿಕತೆ ಎಂದು ಕರೆಯಲು ನನಗೆ ಸ್ವಲ್ಪ ಸಂಕೋಚ. ಚುನಾವಣೆಯಲ್ಲಿ ಸೋತವನ ಮನೆ ಸುಂಕದ ಕಟ್ಟೆಯ ಎದುರಿಗೇ ಇತ್ತು, ಅವನು ಕಿಟಕಿ ಹಾಕುತ್ತಲೇ ಇರಲಿಲ್ಲ. ಏನೇ ಆಗಲಿ, ಊರಿನಲ್ಲಿ ಮೆಂಬರ್ರ ಹೆಸರು ಬಂಗಾರವಾಯಿತು. ಆ ಯುಗಾದಿಗೆ ಸಾಲಗಾಮೆಯಲ್ಲಿ ಅವರ ಎಲೆಯ ಒಬ್ಬಟ್ಟಿಗೆ ತುಪ್ಪ ಬೀಳಲಿಲ್ಲ.

ಇನ್ನು ಮೀಟಿಂಗು. ಪುರಸಭೆಯ ಹಾಲಿನ ಗೋಡೆಯ ಮೇಲೆ ಗಾಂಧೀಜಿ, ಪಕ್ಕದಲ್ಲಿ ಜಯಚಾಮರಾಜ ಒಡೆಯರು. ಆ ಒಂದು ಪಟವನ್ನು ಯಾರೂ ಇಳಿಸಬೇಕಾಗಿ ಬರಲಿಲ್ಲ. ಮಹಾರಾಜರಾಗಿದ್ದವರು 1950ರಲ್ಲಿ ರಾಜಪ್ರಮುಖರಾದರು, 1956ರಲ್ಲಿ ರಾಜ್ಯಪಾಲರಾದರು. ಕೆಳಗಿನ ಚೀಟಿ ಬದಲಾಯಿಸಿದರೆ ಸಾಕಾಗಿತ್ತು. ಪುರಸಭೆಯ ಮಟ್ಟಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ನಡೆದ ರಾಜಕೀಯ ಬದಲಾವಣೆ ಇನ್ನೊಂದಿಲ್ಲ.

ಅಜೆಂಡಾದಲ್ಲಿ ಹೊತ್ತು ಮಧ್ಯಾಹ್ನ ಮೂರು ಗಂಟೆ ಎಂದಿದ್ದರೆ ಕೋರಂ ಕೂಡುವುದು ಉಪ್ಪಿಟ್ಟು ಬಂದ ಮೇಲೆ. ಇದನ್ನು ಅರಿತ ಹೆಡ್ ಗುಮಾಸ್ತರು ಹೋಟೆಲಿನವನಿಗೆ ‘ಕೇಸರಿಬಾತು ಕಡೆಗೆ ತಾ’ ಎಂದು ಹೇಳಿರುತ್ತಿದ್ದರು, ಇಲ್ಲವಾದರೆ ಕೂಡಿದ ಕೋರಂ ಕರಗುತ್ತಿತ್ತು. ಮೊದಲನೇ ಬಾಬು, ಕಳೆದ ಸಭೆಯ ನಡಾವಳಿ ಓದಿ ಸ್ಥಿರಪಡಿಸುವುದು. ಉಳಿದವರು ತಲೆಯಾಡಿಸಿ ಮುಗಿಸುವ ಈ ಬಾಬಿನಲ್ಲೇ ನಮ್ಮ ಮೆಂಬರ್ರು ಎದ್ದು ನಿಲ್ಲುತ್ತಿದ್ದರು. ‘ಅಧ್ಯಕ್ಷರೇ, ಪಾಯಿಂಟ್ ಆಫ್ ಆರ್ಡರ್!’ ಆ ಮೂರು ಪದ ಅವರಿಗೆ ಯಾರು ಕಲಿಸಿದರೋ. ಅರ್ಥ ಕೇಳುವ ಧೈರ್ಯ ಅಧ್ಯಕ್ಷರಿಗೂ ಇರಲಿಲ್ಲ, ಏಕೆಂದರೆ ಅವರಿಗೂ ಅದು ಖಚಿತವಿರಲಿಲ್ಲ. ಡಿ.ವಿ. ಗುಂಡಪ್ಪನವರು ಬೆಂಗಳೂರಿನ ಪುರಸಭೆಯಲ್ಲಿ ಸದಸ್ಯರಾಗಿದ್ದರು ಎಂಬುದನ್ನು ಎಲ್ಲಿಯೋ ಓದಿದ್ದ ಮೆಂಬರ್ರು ಭಾಷಣವನ್ನು ‘ಡಿವಿಜಿಯವರಾಗಲಿ, ನಾನಾಗಲಿ’ ಎಂದು ಆರಂಭಿಸುತ್ತಿದ್ದರು.

ಲೋಕದ ವ್ಯವಹಾರವೂ ಬಿಡುತ್ತಿರಲಿಲ್ಲ. 1953ರ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಹತ್ತಿದರು ಎಂದರೆ ಇಂಥ ಸಭೆಯಲ್ಲಿ ಅಭಿನಂದನೆಯ ನಿರ್ಣಯ ಬರಲೇಬೇಕು. ಬಂತು ಎನ್ನಿ. ಆಗ ಮೆಂಬರ್ರು ಎದ್ದು, ತಮ್ಮ ವಾರ್ಡಿನ ತಿಪ್ಪೆಯ ಎತ್ತರವೂ ವರ್ಷವರ್ಷಕ್ಕೆ ಏರುತ್ತಿದೆ, ಹೆಲ್ತ್ ಇನ್ಸ್‌ಪೆಕ್ಟರು ಈ ತನಕ ಅದರ ಬುಡವನ್ನೂ ಮುಟ್ಟಿಲ್ಲ ಎಂದು ತಿದ್ದುಪಡಿ ಸೂಚಿಸುವವರೇ. ಅಭಿನಂದನೆ ಸರ್ವಾನುಮತದಿಂದ ಅಂಗೀಕಾರ, ತಿಪ್ಪೆ ಮುಂದಿನ ಸಭೆಗೆ.

ಉಳಿದ ಬಾಬುಗಳನ್ನು ಓಡಿಸಿಬಿಡೋಣ: ಕೆರೆ ಏರಿಯ ಹುಲ್ಲಿನ ಹರಾಜು, ಹುಣಸೆಮರದ ಫಸಲಿನ ಹರಾಜು, ಕಸದ ಗೊಬ್ಬರದ ಹರಾಜು, ಜಟಕಾ ಲೈಸೆನ್ಸು, ಸುಣ್ಣದ ಟೆಂಡರು, ಜವಾನನ ರಜೆ, ಖಾತೆ ಬದಲಾವಣೆ, ಪಾರ್ಕಿನ ರೇಡಿಯೋ ಎಷ್ಟು ಗಂಟೆಗೆ ನಿಲ್ಲಿಸಬೇಕು. ಆದರೆ ದೀಪದ ವಿಷಯ ಓಡಿಸುವಂಥದ್ದಲ್ಲ.

ಬೆಳುದಿಂಗಳ ರಾತ್ರಿ ಬೀದಿದೀಪ ಹಚ್ಚಬೇಕಾಗಿಲ್ಲ ಎನ್ನುವುದು ಹಳೆಯ ಮುನಿಸಿಪಾಲಿಟಿಗಳ ಮಿತವ್ಯಯ. ದೇವರು ಪುಕ್ಕಟೆ ಕೊಟ್ಟ ಬೆಳಕಿರುವಾಗ ಸೀಮೆಎಣ್ಣೆ ಸುಡುವುದೇಕೆ? ದೊಡ್ಡ ಬೀದಿಗಳಿಗೆ ಕರೆಂಟು ಬಂದ ಮೇಲೂ ಸಂದಿಗೊಂದಿಗಳಲ್ಲಿ ಇದೇ ಲೆಕ್ಕ. ಬಯಲುಸೀಮೆಯಲ್ಲಿ ಇದು ನಡೆದೀತು. ಹಾಸನ ಮಲೆನಾಡಿನ ಹೊಸ್ತಿಲು. ಆಷಾಢದಲ್ಲಿ ಮೋಡ ಕವಿದರೆ ಹುಣ್ಣಿಮೆಯೂ ಅಮಾವಾಸ್ಯೆಯೂ ಒಂದೇ. ದೀಪದ ಕಂಟ್ರಾಕ್ಟರು ಮಾತ್ರ ಪಂಚಾಂಗ ಬಿಟ್ಟು ಆಚೀಚೆ ಹೋಗುವವನಲ್ಲ. ಮೆಂಬರ್ರು ಕೈಯಲ್ಲಿ ಬ್ಯಾಟರಿ ಹಿಡಿದು, ಛತ್ರಿ ಬಿಚ್ಚಿಕೊಂಡು, ಉರಿಯದ ಕಂಬಗಳನ್ನು ಎಣಿಸಿಕೊಂಡು ಬಂದು ಸಭೆಯಲ್ಲಿ ಗುಡುಗಿದರು:

‘ಚಂದ್ರ ಪಂಚಾಂಗದಲ್ಲಿ ಇದ್ದಾನೆ ಸ್ವಾಮಿ. ನಮ್ಮ ಬೀದಿಯಲ್ಲಿ ಇಲ್ಲ!’

ಕಂಟ್ರಾಕ್ಟರನ ಪರವಾಗಿ ಇನ್ನೊಬ್ಬ ಮೆಂಬರು ಎದ್ದರು. ಟೆಂಡರಿನ ಷರತ್ತಿನಲ್ಲಿ ‘ಬೆಳುದಿಂಗಳ ದಿನ’ ಎಂದಿದೆಯೇ ಹೊರತು ‘ಬೆಳುದಿಂಗಳು ಕಾಣುವ ದಿನ’ ಎಂದಿಲ್ಲ. ಚಂದ್ರ ಹುಟ್ಟಿದ್ದಾನೆ, ಮೋಡದ ಹಿಂದೆ ಅವನು ಏನು ಮಾಡುತ್ತಾನೆ ಎನ್ನುವುದು ಪುರಸಭೆಯ ವ್ಯಾಪ್ತಿಗೆ ಬರುವುದಿಲ್ಲ. ಹಾಗಾದರೆ ಮೋಡ ಯಾರ ವ್ಯಾಪ್ತಿ ಎಂದು ಮೆಂಬರ್ರು ಕೇಳಿದರು. ಯಾರೋ ಡಿಸ್ಟ್ರಿಕ್ಟ್ ಬೋರ್ಡಿನದು ಎಂದರು. ಮೋಡವಿದ್ದ ಹುಣ್ಣಿಮೆಯಲ್ಲಿ ದೀಪ ಹಚ್ಚಬೇಕಾದರೆ, ಮೋಡ ಇದೆಯೆಂದು ಸರ್ಟಿಫಿಕೇಟು ಕೊಡುವವರು ಯಾರು ಎನ್ನುವಲ್ಲಿಗೆ ಚರ್ಚೆ ಬಂದು ನಿಂತಾಗ ಹೊರಗೆ ಮಳೆ ಹಿಡಿದು, ಕತ್ತಲಾಗಿ, ಹಾಲಿನ ದೀಪವೇ ಆರಿತು. ಇದನ್ನು ಸಾಕ್ಷ್ಯವೆಂದು ದಾಖಲಿಸಿಕೊಳ್ಳಬೇಕೆಂದು ಮೆಂಬರ್ರು ಕತ್ತಲಲ್ಲೇ ಪಾಯಿಂಟ್ ಆಫ್ ಆರ್ಡರ್ ಎತ್ತಿದರು.

ಮರುದಿನ ಹೆಡ್ ಗುಮಾಸ್ತರು ನಡಾವಳಿ ಪುಸ್ತಕದಲ್ಲಿ ದುಂಡನೆಯ ಅಕ್ಷರದಲ್ಲಿ ಬರೆದರು: ‘ಬೀದಿದೀಪದ ವಿಷಯ. ಚರ್ಚೆಯ ನಂತರ ಮುಂದೂಡಲಾಯಿತು.’

ಮೆಂಬರ್ರ ಬಾಳಿನ ದೊಡ್ಡ ಸಮರ ಇನ್ನೂ ಮುಂದಿತ್ತು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂತು. ಅಲ್ಲಿಯ ತನಕ ರೂಪಾಯಿಗೆ 16 ಆಣೆ. ಈಗ 100 ನಯಾಪೈಸೆ. ಒಂದಾಣೆಗೆ ಆರೂಕಾಲು ಬರಬೇಕು, ಕಾಲು ಪೈಸೆಯ ನಾಣ್ಯವಿಲ್ಲ. ಸರ್ಕಾರದ ಕೋಷ್ಟಕದ ಪ್ರಕಾರ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19. ಸಂತೆ ಸುಂಕ ಪುಟ್ಟಿಗೆ ಒಂದಾಣೆ ಎಂದಿಟ್ಟುಕೊಳ್ಳಿ. ಸಾಲಗಾಮೆ ಕಡೆಯಿಂದ ಸೊಪ್ಪು ತರುವ ಹೆಂಗಸು ಒಂದು ಪುಟ್ಟಿಗೆ 6 ಕೊಟ್ಟಳು, ಎರಡನೆಯದಕ್ಕೆ 6 ಕೊಟ್ಟಳು, ಮೂರನೆಯದಕ್ಕೆ ಬಿಲ್ ಕಲೆಕ್ಟರು 7 ಕೇಳಿದ. ‘ಇದ್ರಾಗೆ ಏನೈತಪ್ಪ ಅಂಥಾದ್ದು? ಇದೂ ದಂಟಿನ ಸೊಪ್ಪೇ’ ಎಂದು ಅವಳು ಪುಟ್ಟಿಯನ್ನು ಬೋರಲು ಹಾಕಿದಳು. ಮುಂದಿನ ಸಂತೆಗೆ ಮೂರನೆಯ ಪುಟ್ಟಿಯ ಮುಂದೆ ಮಗಳನ್ನು ಕೂರಿಸಿ ‘ಅದು ನಂದಲ್ಲ, ಅವಳ್ದು’ ಎಂದಳು. ಅರ್ಥಶಾಸ್ತ್ರದ ಪುಸ್ತಕಗಳು ತೆರಿಗೆ ತಪ್ಪಿಸುವ ದಾರಿಯನ್ನು ಇಷ್ಟು ಸರಳವಾಗಿ ವಿವರಿಸುವುದಿಲ್ಲ.

ಮೆಂಬರ್ರು ಸಭೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ‘ಮೊದಲ ಪುಟ್ಟಿಯಲ್ಲಿ ಪುರಸಭೆಗೆ ಕಾಲು ಪೈಸೆ ನಷ್ಟ. ಎರಡನೆಯದರಲ್ಲಿ ಇನ್ನೊಂದು ಕಾಲು. ಮೂರನೆಯದರಲ್ಲಿ ಸೊಪ್ಪಿನವಳಿಗೆ ನಷ್ಟ. ಈ ಕಾಲು ಪೈಸೆ ಎಲ್ಲಿ ಹೋಗುತ್ತಿದೆ?’ ಎಲ್ಲೂ ಹೋಗುವುದಿಲ್ಲ, ಅದು ಲೆಕ್ಕದಲ್ಲಿ ಮಾತ್ರ ಇರುವುದು ಎಂದು ಅಕೌಂಟೆಂಟರು ವಿವರಿಸಿದರು. ‘ಲೆಕ್ಕದಲ್ಲಿ ಇದ್ದದ್ದು ಪೆಟ್ಟಿಗೆಯಲ್ಲಿ ಇಲ್ಲ ಅಂದರೆ ಅದಕ್ಕೆ ಏನಂತಾರೆ ಗೊತ್ತೇನ್ರಿ?’ ಎಂದು ಮೆಂಬರ್ರು ಅಬ್ಬರಿಸಿದರು. ಅಕೌಂಟೆಂಟರು ರಜೆ ಹಾಕಿದರು. ಬಜಾರಿನಲ್ಲಿ ಮೆಂಬರ್ರಿಗೆ ಕೆಲವು ದಿನ ‘ಕಾಲುಪೈಸೆ’ ಎಂಬ ಹೆಸರು ಓಡಾಡಿತು, ಆದರೆ ‘ಮೆಂಬರ್ರು’ ಎಂಬುದರ ಮುಂದೆ ಅದು ನಿಲ್ಲಲಿಲ್ಲ.

ಇನ್ನೊಂದು ಸಮರ ಗುಂಡಿಯದು. ಊರ ಹದ್ದಿನ ಕಲ್ಲಿನ ನೇರಕ್ಕೆ ಸರಿಯಾಗಿ ರಸ್ತೆಯಲ್ಲಿ ಒಂದು ಗುಂಡಿ ಬಿದ್ದಿತ್ತು. ಅರ್ಧ ಪುರಸಭೆಯದು, ಅರ್ಧ ಡಿಸ್ಟ್ರಿಕ್ಟ್ ಬೋರ್ಡಿನದು. ಮೆಂಬರ್ರು ತಮ್ಮ ಅರ್ಧವನ್ನು ಮುಚ್ಚಿಸಿದರು. ಬೀಳುತ್ತಿದ್ದ ಗಾಡಿಗಳು ಈಗ ಆಚೆಯ ಅರ್ಧದಲ್ಲಿ ಇನ್ನೂ ಜೋರಾಗಿ ಬೀಳತೊಡಗಿದವು. ಬೋರ್ಡಿಗೆ ಪತ್ರ, ಜ್ಞಾಪನ ಪತ್ರ, ಮರುಜ್ಞಾಪನ ಪತ್ರ. ಅಷ್ಟರಲ್ಲಿ 1959ರ ಕಾಯ್ದೆ ಬಂದು ಡಿಸ್ಟ್ರಿಕ್ಟ್ ಬೋರ್ಡೇ ಹೋಗಿ ತಾಲ್ಲೂಕು ಬೋರ್ಡು ಬಂತು. ಗುಂಡಿಯ ವಾರಸುದಾರರು ಬದಲಾದರು.

ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ ತೆರೆದು ಬಲಿಪಾಡ್ಯಮಿಯಾದ ಮೇಲೆ ಮುಚ್ಚುತ್ತದೆ. ಆ ದಿನಗಳಲ್ಲಿ ಸಾಲಗಾಮೆ ಇಡಿಯಾಗಿ ಮೆಂಬರ್ರ ಮನೆಗೆ ಬಂದು ಇಳಿಯುತ್ತಿತ್ತು. ತುಪ್ಪದ ಮುನಿಸು ಮರೆತ ಭಾಮೈದ, ಅವನ ಅತ್ತೆ, ಅತ್ತೆಯ ನೆರೆಮನೆಯವರು. ‘ನಮ್ಮ ಮೆಂಬರ್ರು ಇರುವಾಗ ಸಾಲೇನು?’ ಎಂದು ಎಲ್ಲರ ನಂಬಿಕೆ. ಚರಂಡಿಗೆ ಬ್ಲೀಚಿಂಗ್ ಪೌಡರು ಹಾಕಿಸಿ, ಕಾಲರಾ ಸೂಜಿ ಚುಚ್ಚುವವರಿಗೆ ಕುರ್ಚಿ ಹಾಕಿಸಿ, ಬೆವರು ಒರೆಸಿಕೊಂಡು ಬಂದ ಮೆಂಬರ್ರು ಅಷ್ಟೂ ಜನರನ್ನು ಕರೆದೊಯ್ದು ಸಾಲಿನ ಕಟ್ಟಕಡೆಗೆ ನಿಲ್ಲಿಸಿದರು, ತಾವೂ ನಿಂತರು. ಗುಡಿಯ ಬಾಗಿಲಲ್ಲಿದ್ದ ಪೋಲೀಸಿನವನು ಬೇರೆ ಜಿಲ್ಲೆಯವನು, ಅವನಿಗೆ ಮೆಂಬರ್ರ ಗುರುತಿಲ್ಲ ಎಂಬ ಗುಟ್ಟನ್ನು ಅವರು ಯಾರಿಗೂ ಹೇಳಲಿಲ್ಲ.

ಅಧಿಕಾರ ಇದ್ದದ್ದಾದರೂ ಎಷ್ಟು? ಠೀವಿಯಿಂದ ಮಾಡಿದ ನಿರ್ಣಯವನ್ನು ಡೆಪ್ಯುಟಿ ಕಮಿಷನರು ಒಂದು ಸಹಿಯಲ್ಲಿ ತಡೆಹಿಡಿಯಬಹುದಿತ್ತು. ಸರ್ಕಾರ ಮನಸ್ಸು ಮಾಡಿದರೆ ಪುರಸಭೆಯನ್ನೇ ಸೂಪರ್‌ಸೀಡ್ ಮಾಡಬಹುದಿತ್ತು. ಸೀಮೆಎಣ್ಣೆ, ಸುಣ್ಣ, ನಲ್ಲಿ, ತಿಪ್ಪೆ. ಮೆಂಬರ್ರ ಸಾಮ್ರಾಜ್ಯ ಇಷ್ಟೇ. ಆದರೆ ಬಿಂದಿಗೆ ಹಿಡಿದವಳು ಬೆಳಗಾಗೆದ್ದು ಜಗಲಿಗೆ ಬಂದು ಬೈದು ಹೋಗಲು ವಿಧಾನಸೌಧ ದೂರ, ಈ ಜಗಲಿ ಹತ್ತಿರ. ಬೈಸಿಕೊಳ್ಳುವುದು ಮೆಂಬರ್‌ಗಿರಿಯ ಮುಖ್ಯ ಕೆಲಸವೆಂದು ಯಾವ ಕಾಯ್ದೆಯಲ್ಲೂ ಬರೆದಿಲ್ಲ. ಅವರು ಅದನ್ನು ತಪ್ಪದೆ ಮಾಡಿದರು.

1960ರಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಸಾಲಗಾಮೆ ರಸ್ತೆಗೆ ಬಂತು. ಪ್ಯಾಂಟಿನ ಹುಡುಗರು, ಬಾಡಿಗೆ ಕೋಣೆಗಳು, ಹೊಸ ಹೋಟೆಲುಗಳು ಬಂದವು. ಬೇರೆ ಬೇರೆ ಪ್ರಾಂತ್ಯದ ಕಾಯ್ದೆಗಳನ್ನು ಒಂದು ಮಾಡಿದ 1964ರ ಮೈಸೂರು ಮುನಿಸಿಪಾಲಿಟಿಗಳ ಕಾಯ್ದೆಯೂ ಬಂತು. ಮುಂದಿನ ಚುನಾವಣೆಯಲ್ಲಿ ಮೆಂಬರ್ರು ಸೋತರು. ಗೆದ್ದವನನ್ನು ಜನ ಹೆಸರಿಟ್ಟೇ ಕರೆದರು. ಸೋತವರು ಸಾಯುವ ತನಕ ಮೆಂಬರ್ರಾಗಿಯೇ ಉಳಿದರು.

ಈ ಜಿಲ್ಲೆಯ ಯಾವುದಾದರೂ ಪುರಸಭೆಯ ದಾಖಲೆ ಕೋಣೆಗೆ ಹೋಗುವ ಯೋಗ ನಿಮಗೆ ಬಂದರೆ, ಗೆದ್ದಲಿಗೆ ಮೊದಲೇ ಆ ಕಾಲದ ನಡಾವಳಿ ಪುಸ್ತಕಗಳನ್ನು ಕೇಳಿ ತೆಗೆಸಿ ನೋಡಿ. ‘ಚರ್ಚೆಯ ನಂತರ’ ಎಂದು ಬರೆದಿರುವಲ್ಲಿ ಸ್ವಲ್ಪ ನಿಧಾನಿಸಿ ಓದಿ; ಆ ಎರಡು ಪದಕ್ಕೆ ಕೆಲವು ಸಲ ಮೂರು ಗಂಟೆ ಹಿಡಿದಿದೆ.