ಅಭಾವಚಿತ್ರಮೀಮಾಂಸೆ

ಅಡುಗೆಗೆ ಮಂಗರಸನ ಸೂಪಶಾಸ್ತ್ರವಿದೆ. ವಿಷ ಇಳಿಸಲು ಮಂಗರಾಜನ ಖಗೇಂದ್ರಮಣಿದರ್ಪಣವಿದೆ. ಸುಮಾರು 1025ರ ಎರಡನೆಯ ಚಾವುಂಡರಾಯನ ಲೋಕೋಪಕಾರವಂತೂ ಬಾವಿ ಎಲ್ಲಿ ತೋಡಬೇಕೆಂಬುದರಿಂದ ಸುಗಂಧದ್ರವ್ಯ ಹೇಗೆ ಕೂಡಿಸಬೇಕೆಂಬವರೆಗೆ ಗೃಹಸ್ಥನ ಕಷ್ಟಗಳಿಗೆಲ್ಲ ಉತ್ತರ ಹೇಳುತ್ತದೆ. ಆದರೆ ಡಿಸೆಂಬರ್ ಕೊನೆಯ ವಾರ ಕಂಪ್ಯೂಟರಿನ ಮುಂದೆ ಕೂತು, ವರ್ಷವಿಡೀ ತೆಗೆದ ಫೋಟೋಗಳ ರಾಶಿಯಿಂದ ತನಗೆ ಮೆಚ್ಚಾದ ಹನ್ನೆರಡನ್ನು ಹೆಕ್ಕಿ ಕ್ಯಾಲೆಂಡರ್ ಮಾಡಿಸುವ ಗೃಹಸ್ಥನ ಬಗ್ಗೆ ನಮ್ಮ ಪೂರ್ವಸೂರಿಗಳು ಒಂದು ಕಂದಪದ್ಯವನ್ನೂ ಬರೆದಿಲ್ಲ. ಆ ಕೊರತೆಯನ್ನು ತುಂಬಲು ಪ್ರಕೃತ ಪ್ರಬಂಧ ಹೊರಟಿದೆ.

ಪ್ರಬಂಧದ ಆಕರ ಒಂದೇ: ಚೆನ್ನೈನ ತಿರುವಾನ್ಮಿಯೂರಿನಲ್ಲಿ ನೆಲೆಸಿರುವ, ಉಡುಪಿ ಮೂಲದ, ಬ್ಯಾಂಕ್ ನೌಕರಿಯ ಒಬ್ಬ ಹವ್ಯಾಸಿ ಛಾಯಾಗ್ರಾಹಕರು. ಪ್ರಬಂಧಕಾರನಿಗೆ ಅವರು ಭಾವನಾಗಬೇಕು. ಈ ಸಂಬಂಧದಿಂದ ವಿಮರ್ಶೆಯ ನಿಷ್ಠುರತೆಗೆ ಕುಂದು ಬಂದಿಲ್ಲ, ಊಟದ ಹೊತ್ತನ್ನು ಬಿಟ್ಟರೆ.

ಮೊದಲು ಗ್ರಂಥಸಂಪಾದನೆಯ ತೊಡಕು. ಒಂದೊಂದು ಫೋಟೋಕ್ಕೂ ಹಲವು ಪ್ರತಿಗಳು ದೊರೆತಿವೆ: ಮೂಲ ಪ್ರತಿ, ಕ್ರಾಪ್ ಮಾಡಿದ ಪ್ರತಿ, ಕಪ್ಪುಬಿಳುಪು ಪ್ರತಿ, ‘ಫೈನಲ್’ ಪ್ರತಿ, ‘ಫೈನಲ್ 2’ ಪ್ರತಿ, ‘ಇದೇ ಫೈನಲ್’ ಪ್ರತಿ. ಇವುಗಳಲ್ಲಿ ‘ಇದೇ ಫೈನಲ್’ ಎಂಬುದು ‘ಫೈನಲ್ 2’ಕ್ಕಿಂತ ಹಳೆಯದೆಂದು ಆಂತರಿಕ ಸಾಕ್ಷ್ಯದಿಂದ ಸಿದ್ಧವಾಗುತ್ತದೆ. ಕಾಲನಿರ್ಣಯ ಇನ್ನೂ ಜಟಿಲ. ಪ್ರತಿ ಚಿತ್ರದ ಹೊಟ್ಟೆಯಲ್ಲೂ ತೆಗೆದ ದಿನ, ಗಂಟೆ, ಸೆಕೆಂಡು ಅಡಗಿರುತ್ತದಷ್ಟೆ. ಕವಿಚರಿತೆ ಬರೆದ ಆರ್. ನರಸಿಂಹಾಚಾರ್ಯರಿಗೆ ಒಬ್ಬ ಕವಿಯ ವಿಷಯದಲ್ಲಾದರೂ ಇಂಥ ಸೌಕರ್ಯ ಸಿಕ್ಕಿದ್ದರೆ ಹಿಗ್ಗುತ್ತಿದ್ದರು. ಆದರೆ ಭಾವನ ಕ್ಯಾಮೆರಾ ಬ್ಯಾಟರಿ ಪೂರ್ತಿ ಇಳಿದಾಗಲೆಲ್ಲ ತನ್ನ ಪಂಚಾಂಗವನ್ನು ಮರೆತು ಸೃಷ್ಟಿಯ ಮೊದಲ ದಿನಕ್ಕೆ ಹಿಂದಿರುಗುತ್ತದೆ. ಹೀಗಾಗಿ ಸಂಪುಟದ ಮೂರನೆಯ ಒಂದು ಪಾಲು ಜನವರಿ 1ರ ಮಧ್ಯರಾತ್ರಿ, ಸುಡುಬಿಸಿಲಿನಲ್ಲಿ ತೆಗೆದುದಾಗಿದೆ.

ಈಗ ಪೂರ್ವಪಕ್ಷ. ‘ಚಿತ್ರ ಚೆನ್ನಾಗಿರುವುದರಿಂದ ಮೆಚ್ಚುಗೆಯಾಗುತ್ತದೆ, ಇದಕ್ಕೆ ಶಾಸ್ತ್ರವೇಕೆ?’ ಎಂದು ಕೆಲವರು ಕೇಳಬಹುದು. ಈ ವಾದ ಮದ್ರಾಸಿನ ಚರಿತ್ರೆಯ ಅರಿವಿಲ್ಲದವರದು. ಫೋಟೋದ ಗೀಳು ಈ ಊರಿಗೆ ಹೊಸದಲ್ಲ. 1850ರಲ್ಲಿ ಇಲ್ಲಿ ಕಲಾಶಾಲೆ ತೆರೆದ ವೈದ್ಯ ಅಲೆಕ್ಸಾಂಡರ್ ಹಂಟರ್ ಅದೇ ಶಾಲೆಯಲ್ಲಿ ಫೋಟೋ ವಿದ್ಯೆಯನ್ನೂ ಕಲಿಸಿದ. 1857ರಿಂದ ನಡೆದುಬಂದಿದ್ದೇವೆಂದು ಹೇಳಿಕೊಳ್ಳುವ ಛಾಯಾಗ್ರಾಹಕರ ಸಂಘ ಇಲ್ಲಿ ಇವತ್ತಿಗೂ ಇದೆ. ಕ್ಯಾಪ್ಟನ್ ಲಿನ್ನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ 1854ರ ಡಿಸೆಂಬರಿನಲ್ಲಿ ರಜೆ ಹಾಕಿ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದು, ಮರುವರ್ಷ ಮದ್ರಾಸಿನ ವಸ್ತುಪ್ರದರ್ಶನದಲ್ಲಿ ಬಹುಮಾನ ಗಿಟ್ಟಿಸಿದ. ಅಲ್ಲಿಯವರೆಗೆ ಅವನೂ ಹವ್ಯಾಸಿಯೇ. 1856ರಲ್ಲಿ ಮದ್ರಾಸ್ ಸರ್ಕಾರ ಅವನನ್ನು ಸಂಬಳದ ಛಾಯಾಗ್ರಾಹಕನನ್ನಾಗಿ ನೇಮಿಸಿತು. ಅವನು ಬೆಂಗಳೂರಿನಿಂದ ಎತ್ತಿನಗಾಡಿ ಕಟ್ಟಿಸಿಕೊಂಡು ದಕ್ಷಿಣಕ್ಕೆ ಹೊರಟ. ತಂಜಾವೂರಿನ ಬೃಹದೀಶ್ವರ ದೇವಸ್ಥಾನದ ಅಧಿಷ್ಠಾನದ ಶಾಸನಗಳನ್ನು 21 ಚಿತ್ರಗಳಲ್ಲಿ ಹಿಡಿದು, ಒಂದಕ್ಕೊಂದು ಅಂಟಿಸಿ, 19 ಅಡಿಗೂ ಉದ್ದದ ಪಟ ಮಾಡಿದ.

ನಮ್ಮ ವಾದಕ್ಕೆ ಬೇಕಾದ್ದು ಬೇರೆ. ಅಂದಿನ ರಾಸಾಯನಿಕಕ್ಕೆ ನೀಲಿಯ ಮೇಲೆ ಅತಿ ಮೋಹ. ನೆಲದ ಮೇಲಿನ ವಸ್ತು ಮೂಡುವ ಹೊತ್ತಿಗೆ ಆಕಾಶ ಪೂರ್ತಿ ಬೆಳ್ಳಗಾಗಿಬಿಡುತ್ತಿತ್ತು. ಟ್ರೈಪ್ ಏನು ಮಾಡಿದ? ನೆಗೆಟಿವ್ ಮೇಲೆ ಕುಂಚದಿಂದ ಮೋಡ ಬರೆದ. ಎಲ್ಲಿ ಏನೂ ಇರಲಿಲ್ಲವೋ ಅಲ್ಲಿ ಕೈಯಿಟ್ಟ. ಅಂದರೆ, ಚಿತ್ರಗಾರನ ಚಿತ್ತವಿರುವುದು ಚಿತ್ರದಲ್ಲಿ ಇರುವುದರ ಮೇಲಲ್ಲ, ಇಲ್ಲದ್ದರ ಮೇಲೆ. ಇದೇ ನಮ್ಮ ಸಿದ್ಧಾಂತ. ಅಭಾವವೂ ಒಂದು ಪದಾರ್ಥವೆಂದು ಒಪ್ಪಿದ ನೈಯಾಯಿಕರು ಅದನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ಅವರಲ್ಲಿ ಯಾರ ಬಳಿಯೂ ಕ್ಯಾಮೆರಾ ಇರಲಿಲ್ಲವೆಂಬುದು ಆಶ್ಚರ್ಯದ ಸಂಗತಿ.

ಏಪ್ರಿಲ್ ತಿಂಗಳ ಚಿತ್ರವನ್ನೇ ನೋಡೋಣ. ಚೆನ್ನೈ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಮೇಲೆ. ಆದ್ದರಿಂದ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಆಸುಪಾಸು ಒಮ್ಮೆ, ಆಗಸ್ಟ್ 18ರ ಆಸುಪಾಸು ಇನ್ನೊಮ್ಮೆ, ಸೂರ್ಯ ನಡುನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಂತ ವಸ್ತುವಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಏಪ್ರಿಲ್‌ನಲ್ಲಿ ಇದಾಗುವುದು ಮಧ್ಯಾಹ್ನ ಗಡಿಯಾರದ 12 ಗಂಟೆಗಲ್ಲ, 12 ಗಂಟೆ 7 ನಿಮಿಷದ ಹೊತ್ತಿಗೆ. ನಮ್ಮ ಗಡಿಯಾರಗಳು ಇನ್ನಷ್ಟು ಪೂರ್ವದ ರೇಖಾಂಶವನ್ನು ನಂಬಿ ನಡೆಯುವುದರಿಂದ. ಫೋಟೋ ಬಲ್ಲವರು ಬೆಳಗಿನ, ಸಂಜೆಯ ಓರೆಬಿಸಿಲನ್ನು ಕಾಯುತ್ತಾರೆ. ಚೆನ್ನೈನ ಏಪ್ರಿಲ್ ಮಧ್ಯಾಹ್ನ ಹೊರಗೆ ಕಾಲಿಡುವುದು ನಾಯಿಯೂ ಒಪ್ಪದ ಕೆಲಸ. ಭಾವ ತಾರಸಿ ಹತ್ತಿದರು.

ಮೊದಲು ಕಾಫಿ ಲೋಟವನ್ನು ಇಟ್ಟು ನೋಡಿದರಂತೆ. ಲೋಟದ ಬಾಯಿ ಅಗಲ, ಬುಡ ಕಿರಿದು. ಕಂಠದ ನೆರಳು ಬುಡದ ಸುತ್ತ ಬಳೆಯ ಹಾಗೆ ಬಿತ್ತು. ಇದು ಹೇತುದೋಷ. ಕೂಡಲೆ ಕೆಳಗಿಳಿದು, ಒಲೆಯ ಪಕ್ಕ ಡಿಕಾಕ್ಷನ್ ಇಳಿಸುತ್ತಿದ್ದ ಕಾಫಿ ಫಿಲ್ಟರನ್ನೇ ಎತ್ತಿಕೊಂಡು ಹೋದರು. ಅದರ ಮೈ ನೇರ. ಸಿಮೆಂಟು ನೆಲ, ಸ್ಟೀಲಿನ ಫಿಲ್ಟರು, ಸುತ್ತ ಎಲ್ಲೂ ನೆರಳಿಲ್ಲ. ಆ ಚಿತ್ರವೇ ವರ್ಷದ ಶಿರೋಮಣಿಯೆಂದು ಭಾವನ ತೀರ್ಮಾನ. ಅಂದು ನಡೆದ ವಾಕ್ಯಾರ್ಥವನ್ನು ಪ್ರಬಂಧಕಾರ ಕೇಳಿದಂತೆ ದಾಖಲಿಸುತ್ತಾನೆ.

“ಇದ್ರಲ್ಲಿ ಎಂತ ಉಂಟು?” ಅಂದಳು ಅಕ್ಕ.

“ನೆರಳಿಲ್ಲ.”

“ನೆರಳಿಲ್ಲ, ಸರಿ. ಉಂಟು ಎಂತ, ಕೇಳಿದ್ದು.”

“ಅದೇ ಮಾರಾಯ್ತಿ, ನೆರಳಿಲ್ಲದ್ದು ಉಂಟು.”

“ಹಾಗಾದ್ರೆ ಬರೀ ತಾರಸಿ ಉಂಟು ಅಂತ ಹೇಳಿ. ಗುಡಿಸದ ತಾರಸಿ.”

ಗಮನಿಸಬೇಕು: ಅಭಾವವೆಂಬ ಬೇರೆ ಪದಾರ್ಥವೇ ಇಲ್ಲ, ಬರಿದಾದ ನೆಲವೇ ಅಭಾವವೆಂದು ಪ್ರಾಭಾಕರ ಮೀಮಾಂಸಕರು ವಾದಿಸಿದ್ದರು. ಅಕ್ಕ ಪ್ರಾಭಾಕರ ಮತದವಳೆಂದು ಇದರಿಂದ ತಿಳಿದುಬರುತ್ತದೆ. ಮದುವೆಗೆ ಮುಂಚೆ ಜಾತಕದಲ್ಲಿ ಇದನ್ನು ಯಾರೂ ನೋಡಿರಲಿಲ್ಲ.

ಪ್ರಧ್ವಂಸಾಭಾವಕ್ಕೆ, ಅಂದರೆ ಇದ್ದದ್ದು ನಾಶವಾದ ಮೇಲಿನ ಅಭಾವಕ್ಕೆ, ಎರಡು ಉದಾಹರಣೆಗಳಿವೆ. ಒಂದು ಎಲ್ಲರೂ ತೆಗೆಯುವಂಥದು. ಅಡ್ಯಾರು ನದಿ ಸಮುದ್ರ ಸೇರುವಲ್ಲಿ 1967ರಲ್ಲಿ ಕಟ್ಟಿದ ಸೇತುವೆ 1977ರಲ್ಲಿ ಮುರಿದುಬಿತ್ತು. ಇಡಿಯಾಗಿದ್ದ ಹತ್ತು ವರ್ಷದಲ್ಲಿ ಅದರ ಎಷ್ಟು ಚಿತ್ರ ತೆಗೆದರೋ; ಮುರಿದ ಮೇಲೆ ಅದನ್ನು ತೆಗೆಯದ ಕ್ಯಾಮೆರಾ ಈ ಊರಲ್ಲಿಲ್ಲ. ಇನ್ನೊಂದು ಭಾವನದೇ ಸ್ವೋಪಜ್ಞ ಕೃತಿ. ಕೆಥೆಡ್ರಲ್ ರಸ್ತೆಯ ಸೆಮ್ಮೊಳಿ ಪೂಂಗಾದಲ್ಲಿ ತೆಗೆದ ಈ ಚಿತ್ರದಲ್ಲಿ ಹುಲ್ಲು, ಕ್ರೋಟನ್ ಗಿಡ, ಒಂದು ಬೆಂಚು ಕಾಣುತ್ತವೆ. ಅಡಿಬರಹ: ‘ಮಸಾಲೆ ದೋಸೆ’. ಪಾಮರರಿಗೆ ಅಸಂಬದ್ಧವೆನಿಸಬಹುದು. ಆದರೆ ಉಡುಪಿಯ ಕಡೆಯಿಂದ ಬಂದು ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರ ಡ್ರೈವ್-ಇನ್ ಹೋಟೆಲು 1962ರಿಂದ 2008ರವರೆಗೆ ಇದ್ದದ್ದು ಇದೇ ನೆಲದಲ್ಲಿ. ಕಾರಿನಲ್ಲೇ ಕೂತವರಿಗೆ ತಟ್ಟೆ ಬರುತ್ತಿತ್ತು. 2010ರಲ್ಲಿ ಅಲ್ಲಿ ಉದ್ಯಾನವಾಯಿತು. ಭಾವ ಆ ಬೆಂಚಿನ ಎದುರು ನಿಂತು, ಹೆಂಚು ಎಲ್ಲಿತ್ತೆಂದು ಅಂದಾಜು ಮಾಡಿ, ಅಲ್ಲಿಗೇ ಫೋಕಸ್ ಮಾಡಿದ್ದಾರೆ. ಪ್ರಬಂಧಕಾರನ ಮಟ್ಟಿಗೆ ಇಡೀ ಸಂಪುಟದಲ್ಲಿ ಇದೇ ಉತ್ತಮೋತ್ತಮ. ಇದರ ಮುಂದೆ ಫಿಲ್ಟರು ಸಪ್ಪೆ.

ಅತ್ಯಂತಾಭಾವ, ಎಂದೆಂದಿಗೂ ಇಲ್ಲದಿರುವುದು: ಚೆನ್ನೈ ಕಡಲಿನಲ್ಲಿ ಸೂರ್ಯಾಸ್ತ. ಮಲ್ಪೆಯಲ್ಲಿ ಹುಟ್ಟಿ ಬೆಳೆದವನಿಗೆ ಸಂಜೆ ಕಾಫಿ ಕುಡಿದು ನಿಧಾನವಾಗಿ ನಡೆದುಹೋದರೆ ಸೂರ್ಯ ಕಾದಿದ್ದು ಮುಳುಗುತ್ತಾನೆ. ಇಲ್ಲಿ ಕಡಲು ಪೂರ್ವಕ್ಕೆ ಮುಖ ಮಾಡಿದೆ. ಜೂನ್ ತಿಂಗಳಲ್ಲಿ 5.45ಕ್ಕೂ ಮೊದಲೇ ಉದಯವಾಗಿಬಿಡುತ್ತದೆ; ಸಂಜೆ ಅದೇ ಸೂರ್ಯ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕಿನ ಹಿಂದೆ ತಲೆಮರೆಸಿಕೊಳ್ಳುತ್ತಾನೆ. ದಿಕ್ಕು ತಪ್ಪಿದ ಈ ಕಡಲಿನ ಮೇಲೆ ಭಾವನಿಗೆ ಇನ್ನೂ ಸಿಟ್ಟಿದೆ. ಆದರೂ ಅಲಾರಾಂ ಇಟ್ಟು ಎದ್ದು ಎಲಿಯಟ್ಸ್ ಬೀಚಿನಲ್ಲಿ ತೆಗೆದ ಉದಯದ ಚಿತ್ರವನ್ನು ಊರಿಗೆ ಕಳಿಸಿದರೆ, ‘ನಮ್ಮ ಮಲ್ಪೆಯ ಸೂರ್ಯಾಸ್ತ ಚಂದ ಬಂದಿದೆ’ ಎಂದು ಉತ್ತರ ಬಂತು. ಚಿತ್ರ ನೋಡಿ ಉದಯವೋ ಅಸ್ತವೋ ಹೇಳಲು ಬ್ರಹ್ಮನಿಗೂ ಸಾಧ್ಯವಿಲ್ಲ. ನಿದ್ದೆಗೆಟ್ಟವನಿಗೆ ಮಾತ್ರ ಗೊತ್ತು.

ಪ್ರಾಗಭಾವಕ್ಕೆ ಮೋಡದ ಹಿಂದೆ ಇನ್ನೂ ಹುಟ್ಟದ ಸೂರ್ಯನ ಚಿತ್ರಗಳು ಬೇಕಾದಷ್ಟಿವೆ, ಬಿಡಿ. ಅನ್ಯೋನ್ಯಾಭಾವಕ್ಕೆ ಘಟ ಪಟವಲ್ಲವೆಂಬುದು ಶಾಸ್ತ್ರದ ಉದಾಹರಣೆ. ನಮ್ಮಲ್ಲಿ, ಮೈಲಾಪುರದ ಕಪಾಲೀಶ್ವರ ದೇವಸ್ಥಾನದ ಕೆರೆಕಟ್ಟೆಯ ಮೇಲೆ ಅಕ್ಕನನ್ನು ಕೂರಿಸಿ ತೆಗೆದ ಚಿತ್ರ. ಅದನ್ನು ನೋಡಿ ಅಕ್ಕ ಹೇಳಿದ್ದು, “ಇದು ನಾನಲ್ಲ.” ಅದೇ ದೇವಸ್ಥಾನದ ಅರುವತ್ತುಮೂವರ್ ಉತ್ಸವದ ಚಿತ್ರದಲ್ಲಿ ಅರವತ್ತಮೂರು ನಾಯನ್ಮಾರರ ಮೆರವಣಿಗೆ ಇರಬೇಕಿತ್ತು, ಇತರ ಛಾಯಾಗ್ರಾಹಕರ ಮೊಣಕೈಗಳಿವೆ. ಜನವರಿಯ ‘ಮಾರ್ಗಳಿ ಮಂಜು’ ಎಂಬ ಚಿತ್ರದಲ್ಲಿ ಮಂಜೂ ಇಲ್ಲ. ಎಸಿ ಕೋಣೆಯಲ್ಲಿ ರಾತ್ರಿಯಿಡೀ ತಣ್ಣಗಿದ್ದ ಲೆನ್ಸನ್ನು ಕಡಲ ತೇವದ ಗಾಳಿಗೆ ಒಯ್ದ ಕೂಡಲೆ ಗಾಜಿನ ಮೇಲೆ ಹನಿ ಕಟ್ಟಿತ್ತು. ಭಾವ ಮಾತ್ರ ಭೋಗಿಯ ಹೊಗೆಯೆಂದು ಸಾಧಿಸುತ್ತಾರೆ. ಹಳೆ ಸಾಮಾನು ಸುಟ್ಟ ಆ ಹೊಗೆಗೆ ವಿಮಾನಗಳೇ ಇಳಿಯಲಾಗದೆ ತಡವಾದ ವರ್ಷಗಳಿರುವುದರಿಂದ ವಾದ ಪೂರ್ತಿ ನಿರಾಧಾರವಲ್ಲ.

ಅರ್ಥಶಾಸ್ತ್ರದ ಒಂದು ಮಾತು ಉಳಿಯಿತು. 1859ರಲ್ಲಿ ಗವರ್ನರಾಗಿ ಬಂದ ಸರ್ ಚಾರ್ಲ್ಸ್ ಟ್ರೆವೆಲಿಯನ್, ಖಜಾನೆಯ ಸ್ಥಿತಿಗೆ ಇದು ತಾಳದ ಐಷಾರಾಮವೆಂದು ಟ್ರೈಪನ ಫೋಟೋ ವಿಭಾಗವನ್ನೇ ಮುಚ್ಚಿಸಿದ. ದೊಡ್ಡ ಲೆನ್ಸಿನ ವಿಷಯದಲ್ಲಿ ಅಕ್ಕ ಅಕ್ಷರಶಃ ಟ್ರೆವೆಲಿಯನ್ ಸಂಪ್ರದಾಯದವಳು. ವ್ಯತ್ಯಾಸ ಇಷ್ಟೇ: ಕೇಂದ್ರದ ತೆರಿಗೆ ಪ್ರಸ್ತಾವವನ್ನು ಬಹಿರಂಗವಾಗಿ ಎದುರಿಸಿದ್ದಕ್ಕೆ 1860ರಲ್ಲಿ ಟ್ರೆವೆಲಿಯನ್‌ನನ್ನು ಲಂಡನ್ನಿಗೆ ವಾಪಸು ಕರೆಸಿಕೊಂಡರು. ಅಕ್ಕನನ್ನು ವಾಪಸು ಕರೆಸಿಕೊಳ್ಳುವ ಅಧಿಕಾರವುಳ್ಳ ನಮ್ಮ ತಂದೆಯವರು ಆಕೆಯ ಪಕ್ಷದಲ್ಲಿದ್ದಾರೆ.

ಹನ್ನೆರಡು ಚಿತ್ರಗಳ ಕ್ಯಾಲೆಂಡರ್ ಅಚ್ಚಾಗಿ ಬಂದಿದೆ. ಮೇಲೆ ದೊಡ್ಡ ಚಿತ್ರ, ಕೆಳಗೆ ಇರುವೆ ಸಾಲಿನಷ್ಟು ದಪ್ಪದ ತಾರೀಕು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಬರೆಯಲು ಜಾಗವಿಲ್ಲ, ಏಕಾದಶಿ ಕಾಣಿಸಿಲ್ಲ ಎಂದು ಅಕ್ಕ ಆಕ್ಷೇಪವೆತ್ತಿದ್ದಾಳೆ. ಅಡುಗೆಮನೆಯ ಮೊಳೆಗೆ ಕಿರಾಣಿ ಅಂಗಡಿಯವರು ಕೊಟ್ಟ, ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರೇ ಏರಿದೆ. ಭಾವನ ಸಂಪುಟ ಬಾಗಿಲ ಹಿಂದಿದೆ. ಬರುವ ವರ್ಷದ ಆವೃತ್ತಿಯಲ್ಲಿ ರಾಹುಕಾಲ ಸೇರಿಸಲು ಭಾವ ಒಪ್ಪಿಕೊಂಡಿದ್ದಾರೆ. ಯಮಗಂಡಕಾಲದ ವಿಷಯದಲ್ಲಿ ಮಾತುಕತೆ ನಡೆಯುತ್ತಿದೆ.