ಎಸ್ಟಿಮೇಟ್ ಮೀಮಾಂಸೆ: ಬಣ್ಣದ ಕಂಟ್ರ್ಯಾಕ್ಟರ್ ಅಧಿಕರಣ

ಗೋಡೆಯನ್ನು ನೋಡಿ, ಗೃಹಸ್ಥನನ್ನು ಅಳೆದು, ಬಾಯಿಮಾತಿನಲ್ಲಿ ಒಂದು ಮೊತ್ತ ಹೇಳುವ ಕ್ರಿಯೆಗೆ ಎಸ್ಟಿಮೇಟ್ ಎಂದು ಹೆಸರು. ಬೆಂಗಳೂರು ಪ್ರಾಂತದಲ್ಲಿ ಇದು ಗೌರಿ-ಗಣೇಶ ಹಬ್ಬಕ್ಕೆ ಮುಂಚೆ ಹಾಗೂ ಮಗಳ ನಿಶ್ಚಿತಾರ್ಥ ಗೊತ್ತಾದ ವಾರದಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಎರಡನೆಯ ಕಾರಣವನ್ನು ಬಾಯಿಬಿಟ್ಟರೆ ಚದರಡಿಯ ದರ ಏರುತ್ತದೆ ಎಂಬಲ್ಲಿ ಪಂಡಿತರಿಗೆ ಭಿನ್ನಮತವಿಲ್ಲ.

ಶಾಸ್ತ್ರ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಲ್ಕನೆಯ ಅಧಿಕರಣದ ಹೆಸರು ಕಂಟಕಶೋಧನ. ರಾಜ್ಯದ ಮುಳ್ಳುಗಳನ್ನು ಹೆಕ್ಕಿ ತೆಗೆಯುವ ಈ ಭಾಗದ ಮೊದಲ ಅಧ್ಯಾಯವೇ ಕುಶಲಕರ್ಮಿಗಳಿಗೆ ಮೀಸಲು. ಒಪ್ಪಿದ ಗಡುವು ಮೀರಿದವನ ಕೂಲಿಯಲ್ಲಿ ಕಾಲುಭಾಗ ಕಡಿತ, ಅದರ ಎರಡರಷ್ಟು ದಂಡ ಎಂದು ಅಲ್ಲಿ ವಿಧಿಸಲಾಗಿದೆ. ಅಡ್ವಾನ್ಸ್ ಪಡೆದು ಫೋನ್ ಎತ್ತದವನ ವಿಚಾರದಲ್ಲಿ ಆಚಾರ್ಯರಿಂದ ನೆರವಿಲ್ಲ.

ಕ್ರಿಯೆಯು ಪೂರ್ವನಿಂದೆಯಿಂದ ಆರಂಭವಾಗುತ್ತದೆ. ಕಂಟ್ರ್ಯಾಕ್ಟರನು ಹೊಸ್ತಿಲು ದಾಟಿ, ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ, ‘ಯಾರ್ ಸಾರ್ ಇದನ್ನ ಮಾಡಿದ್ದು?’ ಎನ್ನುತ್ತಾನೆ. ಇದು ಪ್ರಶ್ನೆಯಲ್ಲ, ತೀರ್ಪು. ಹಿಂದಿನ ಸಲ ಬಳಿದವನು ಇವನೇ ಆಗಿದ್ದರೂ ಈ ವಾಕ್ಯ ಬದಲಾಗುವುದಿಲ್ಲ. ಉತ್ತರ ಕೊಡುವ ಅಗತ್ಯವಿಲ್ಲ. ಕಾಫಿ ಕೊಟ್ಟರೆ ಸಾಕು.

ಎರಡನೆಯದು ಬಜೆಟ್ ಪ್ರಶ್ನೆ. ‘ನಿಮ್ಮ ಮನಸ್ನಲ್ಲಿ ಎಷ್ಟಿದೆ ಹೇಳಿ ಸಾರ್, ಅದಕ್ಕೆ ತಕ್ಕಂಗೆ ಮಾಡಣ’ ಎಂಬ ಮಾತು ಕೇಳಲು ಸೌಜನ್ಯದ್ದೇ. ಆದರೆ ಗೃಹಸ್ಥನು ಯಾವ ಅಂಕಿ ಉಚ್ಚರಿಸಿದನೋ ಅದೇ ಎಸ್ಟಿಮೇಟಿನ ಕನಿಷ್ಠ ಮೊತ್ತವಾಗಿ ಪರಿಣಮಿಸುತ್ತದೆ. ಮನೆಯಲ್ಲಿ ಗೃಹಿಣಿಯೊಬ್ಬರೇ ಇದ್ದರೆ ಈ ಹಂತ ಲುಪ್ತವಾಗಿ, ಆ ಜಾಗಕ್ಕೆ ‘ಮೇಡಂ, ಸಾರ್ ಎಷ್ಟೊತ್ತಿಗೆ ಬರ್ತಾರೆ?’ ಎಂಬುದು ಆದೇಶವಾಗಿ ಬರುತ್ತದೆ. ಮನೆ ಅವರ ಹೆಸರಿನಲ್ಲೇ ಇದ್ದರೂ ಇದಕ್ಕೆ ಬಾಧಕವಿಲ್ಲ. ಹೀಗೆ ಕೇಳಿದವನನ್ನು ಗೇಟಿನವರೆಗೆ ಬೀಳ್ಕೊಡುವುದೇ ಸಿದ್ಧಾಂತ.

ಅಳತೆಯ ಪ್ರಕರಣ ತುಸು ಗಹನ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ನಾಲ್ಕು ಗೋಡೆ ಸೇರಿ 400 ಚದರಡಿ, ಸೀಲಿಂಗ್ 100. ಏಳಡಿ-ಮೂರಡಿ ಬಾಗಿಲಿಗೆ 21, ನಾಲ್ಕಡಿ-ನಾಲ್ಕಡಿ ಕಿಟಕಿಗೆ 16 ಕಳೆದರೆ ಉಳಿಯುವುದು 463. ಎಸ್ಟಿಮೇಟಿನಲ್ಲಿ ಮಾತ್ರ 500 ಇರುತ್ತದೆ, ಕೆಳಗೆ ‘ಬಾಗಿಲಿಗೆ ಎನಾಮಲ್ ಬೇರೆ’ ಎಂಬ ಸಾಲೂ ಇರುತ್ತದೆ. ಅಂದರೆ ಗೋಡೆ ಅಳೆಯುವಾಗ ಬಾಗಿಲು ಗೋಡೆಯೇ. ಬಾಗಿಲು ಅಳೆಯುವಾಗ ಅದು ಗೋಡೆಗಿಂತ ಭಿನ್ನ. ವೇದಾಂತದಲ್ಲಿ ಇದಕ್ಕೆ ಭೇದಾಭೇದವೆಂದು ಹೆಸರಿದೆ. ಪೇಂಟಿಂಗ್ ಕೆಲಸದಲ್ಲಿ ‘ಎಲ್ರೂ ಹಂಗೇ ಹಾಕೋದು ಸಾರ್’ ಎನ್ನುತ್ತಾರೆ. ನ್ಯಾಯವಾಗಿ ಹೇಳುವುದಾದರೆ ಈ ವಾದ ಪೂರ್ತಿ ನಿರಾಧಾರವಲ್ಲ. ಕಟ್ಟಡ ಕೆಲಸದ ಅಳತೆಗೆ ಇರುವ ಭಾರತೀಯ ಮಾನಕ ಐಎಸ್ 1200, ಗಾರೆ ಕೆಲಸದಲ್ಲಿ ಅರ್ಧ ಚದರ ಮೀಟರ್‌ವರೆಗಿನ ತೆರಪನ್ನು ಕಳೆಯುವುದೇ ಬೇಡವೆನ್ನುತ್ತದೆ. 3 ಚದರ ಮೀಟರ್‌ವರೆಗಿನದನ್ನು ಒಂದು ಮಗ್ಗುಲಿಗೆ ಮಾತ್ರ ಕಳೆಯಲು ಹೇಳುತ್ತದೆ. ಚೌಕಟ್ಟಿನ ಪಕ್ಕದ ಅಂಚುಗಳಿಗೂ ಕೈ ಆಡಿಸಬೇಕಲ್ಲ! ಆದರೆ ಐಎಸ್ 1200ರ ಹೆಸರೆತ್ತಿದ ಕಂಟ್ರ್ಯಾಕ್ಟರನು ಇನ್ನೂ ದೃಷ್ಟಿಗೋಚರನಾಗಿಲ್ಲ. ಗೃಹಸ್ಥನು ತಾನೇ ಟೇಪು ಹಿಡಿದು ನಿಂತಲ್ಲಿ ವಾಗ್ವಾದದ ಮುಕ್ಕಾಲು ಪಾಲು ಅಲ್ಲೇ ಶಮನವಾಗುತ್ತದೆ.

ನಾಲ್ಕನೆಯದು ಒತ್ತಡ. ಇದರ ಪ್ರಸಿದ್ಧ ರೂಪ: ‘ಈ ರೇಟು ಇವತ್ತಿಗಷ್ಟೇ ಸಾರ್. ಈಗ ಅಡ್ವಾನ್ಸ್ ಕೊಟ್ರೆ ಸೋಮವಾರ ಹುಡುಗರನ್ನ ಕಳಿಸ್ತೀನಿ.’ ಯಾವ ಸೋಮವಾರವೆಂಬುದು ಅಧ್ಯಾಹಾರ. ಪುಟ್ಟಿ ಎಷ್ಟು ಕೋಟು, ಪ್ರೈಮರ್ ಉಂಟೋ ಇಲ್ಲವೋ, ಬಣ್ಣ ಯಾವ ಕಂಪನಿಯದು ಎಂದು ಬರೆದುಕೊಡಲು ಕೇಳಿದರೆ ‘ನಮ್ಮೇಲೆ ನಂಬಿಕೆ ಇಲ್ವಾ?’ ಎಂಬ ಅಸ್ತ್ರ ಪ್ರಯೋಗವಾಗುತ್ತದೆ. ಇದಕ್ಕೆ ಕನ್ನಡನಾಡು ಕಂಡುಕೊಂಡ ಪ್ರತ್ಯಸ್ತ್ರ ‘ಮನೇಲಿ ಕೇಳಿ ಹೇಳ್ತೀನಿ’. ಒಂಟಿಯಾಗಿ ವಾಸಿಸುವವರೂ ಇದನ್ನು ಧಾರಾಳವಾಗಿ ಬಳಸಬಹುದು. ಒಂದೇ ಕಂಪನಿಯ ಬಣ್ಣಕ್ಕೆ ಪಟ್ಟು ಹಿಡಿಯುವವನ ನಿಷ್ಠೆಗೆ ಬಕೆಟ್ಟಿನೊಳಗೆ ಪೇಂಟರುಗಳಿಗೆಂದು ಇಟ್ಟಿರುವ ಟೋಕನ್ನೂ ಕಾರಣವಿರಬಹುದು.

ಬಿಲ್ಲಿನ ಪ್ರಸ್ತಾಪ ಬಂದಾಗ ಮುಖಚರ್ಯೆ ಬದಲಾಗುತ್ತದೆ. ‘ಬಿಲ್ ಬೇಕಂದ್ರೆ 18 ಪರ್ಸೆಂಟ್ ಸೇರುತ್ತೆ.’ ಕರ್ನಾಟಕದಲ್ಲಿ ವರ್ಷಕ್ಕೆ 20 ಲಕ್ಷ ರೂಪಾಯಿಯವರೆಗೆ ಸೇವೆಯ ವಹಿವಾಟು ನಡೆಸುವ ಸಣ್ಣ ಕಂಟ್ರ್ಯಾಕ್ಟರನಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿಯಿಲ್ಲದವನು ಆ ತೆರಿಗೆಯನ್ನು ವಸೂಲು ಮಾಡುವಂತೆಯೂ ಇಲ್ಲ. ನೋಂದಾಯಿತನಾದರೆ ಅವನಿಗೆ 15 ಅಕ್ಷರಾಂಕಗಳ ಸಂಖ್ಯೆಯಿರುತ್ತದೆ. ಕರ್ನಾಟಕದಲ್ಲಿ ಪಡೆದದ್ದು 29ರಿಂದ ಶುರುವಾಗುತ್ತದೆ. ಆ ಸಂಖ್ಯೆ ಕೇಳಿದೊಡನೆ 18 ಪರ್ಸೆಂಟ್ ತಾನಾಗಿ ಕರಗುವುದುಂಟು, ಜೊತೆಗೆ ಬಿಲ್ಲೂ.

ಏರುದನಿಯವನಿಗೆ ಏರುದನಿಯಲ್ಲೇ ಉತ್ತರಿಸುವುದು ಶಾಸ್ತ್ರಸಮ್ಮತವಲ್ಲ. ಅವನಿಗೆ ಆ ಅಭ್ಯಾಸ ದಿನಾ ಇರುತ್ತದೆ. ಮೂರು ಜನರಿಂದ ಎಸ್ಟಿಮೇಟ್ ಪಡೆದು, ಒಬ್ಬನ ಹಾಳೆಯನ್ನು ಇನ್ನೊಬ್ಬನ ಕಣ್ಣಿಗೆ ಬೀಳುವಂತೆ ಟೀಪಾಯಿಯ ಮೇಲೆ ಬಿಡುವುದು ಮೇಲು. ಹಣವನ್ನು ಕೆಲಸದ ಹಂತಕ್ಕೆ ತಕ್ಕಂತೆ ಕೊಡಬೇಕು. ಕೊನೆಯ ಕಂತನ್ನು ಟಚಪ್ ಮುಗಿಯುವ ತನಕ ಬಿಡಬಾರದು. ಇಷ್ಟಾದರೂ ಕೆಲಸ ಕೆಟ್ಟರೆ 2019ರ ಗ್ರಾಹಕ ರಕ್ಷಣಾ ಕಾಯಿದೆಯಡಿ ಸೇವಾ ನ್ಯೂನತೆಯ ದೂರು ಕೊಡಬಹುದು. ಆಗ ಬರೆಸಿಕೊಂಡ ಹಾಳೆಯೇ ಪ್ರಮಾಣ.

ಖಾಲಿಯಾದ 20 ಲೀಟರ್ ಬಕೆಟ್ಟು ಯಾರಿಗೆ ಸೇರತಕ್ಕದ್ದು ಎಂಬ ವಿಷಯದಲ್ಲಿ ರೂಢಿ ಇಬ್ಬಗೆಯಾಗಿದೆ. ಬಣ್ಣಕ್ಕೆ ದುಡ್ಡು ಕೊಟ್ಟವರದೆಂದು ಗೃಹಿಣಿಯರ ಪಕ್ಷ. ಕೆಲಸದವರದೆಂದು ಮೇಸ್ತ್ರಿಗಳ ಪಕ್ಷ. ಸೋರಿಕೆಯಿಲ್ಲದ ಮುಚ್ಚಳ ಇರುವ ಬಕೆಟ್ಟಾದರೆ ಈ ಅಂಶವನ್ನೂ ಎಸ್ಟಿಮೇಟಿನಲ್ಲೇ ಬರೆಸಿಕೊಳ್ಳತಕ್ಕದ್ದು.