ಎದುರು ಮ್ಯಾಳದ ರಸಿಕ

ಬೈಲಹೊಂಗಲದ ಹತ್ತಿ ಪೇಟೆಯಲ್ಲಾಗಲಿ, ರಾಮದುರ್ಗದ ನೇಕಾರರ ಓಣಿಯಲ್ಲಾಗಲಿ, ಹಾಡಿಕಿ ರಸಿಕನನ್ನು ಪತ್ತೆ ಹಚ್ಚುವುದು ಕಷ್ಟದ ಕೆಲಸವಲ್ಲ. ಚಹಾದಂಗಡಿಯ ಕಟ್ಟೆಯ ಮೇಲೆ ಕೂತು ಯಾವುದಾದರೊಂದು ಹಾಡನ್ನು ತುಸು ಗಟ್ಟಿಯಾಗಿ ಹೊಗಳಬೇಕು, ಅಷ್ಟೆ. ಸಾಮಾನ್ಯ ಮನುಷ್ಯನಾದರೆ ಹೌದು ಅನ್ನುತ್ತಾನೆ, ಇಲ್ಲವೆ ಕೇಳಿಲ್ಲ ಅನ್ನುತ್ತಾನೆ. ರಸಿಕ ಎಲಿ-ಅಡಕಿ ಚಂಚಿಯ ದಾರ ಬಿಚ್ಚುತ್ತಾನೆ. ಎಲೆಗೆ ಸುಣ್ಣ ಸವರುತ್ತ ಮೊದಲ ಪ್ರಶ್ನೆ ಹಾಕುತ್ತಾನೆ: "ಯಾವೂರ ಮ್ಯಾಳ?" ಉತ್ತರ ಬಂದ ಮೇಲೆ ಎರಡನೆಯದು: "ಹರದೇಶೀನೋ ನಾಗೇಶೀನೋ?" ಮೂರನೆಯದು ಬರುವ ಹೊತ್ತಿಗೆ ಎಲೆ ಬಾಯಿ ಸೇರಿರುತ್ತದೆ, ಆದರೂ ಅದೇ ಎಲ್ಲಕ್ಕಿಂತ ಸ್ಪಷ್ಟ: "ಎದುರಿಗೆ ಯಾರಿದ್ರು?" ಇದಕ್ಕೆ ಉತ್ತರ ಗೊತ್ತಿಲ್ಲದವನು ಹಾಡು ಕೇಳಿಯೇ ಇಲ್ಲ ಎಂದು ಅವನ ತೀರ್ಪು. "ಬರೇ ಒಂದ ಕಡೀದ್ದ ಕೇಳಿ ಬಂದೀಯೇನ ತಮ್ಮಾ?" ಎಂದು ಮರುಗುತ್ತಾನೆ.

ಇಂಥವನನ್ನು ಊರವರು ಸೊಕ್ಕಿನವ ಎಂದು ಬಿಟ್ಟುಬಿಡುತ್ತಾರೆ. ಅವನ ಮೆಚ್ಚುಗೆಯ ಪಟ್ಟಿ ಸಣ್ಣದು, ಸೇರದವುಗಳ ಪಟ್ಟಿ ಉದ್ದ. ಎರಡನೆಯದನ್ನು ಅವನು ಕೇಳದೆಯೇ ಹೇಳುತ್ತಾನೆ ಎಂಬುದೂ ನಿಜ. ಆದರೆ ಸೊಕ್ಕು ಎಂಬ ಒಂದು ಮಾತಿನಿಂದ ಈ ಪ್ರಾಣಿಯ ಲಕ್ಷಣವೆಲ್ಲ ತಿಳಿಯುವುದಿಲ್ಲ. ಅವನನ್ನು ಹೀಗೆ ತಯಾರು ಮಾಡಿದ್ದು ಅವನು ಕೇಳುತ್ತ ಬೆಳೆದ ಹಾಡೇ ಎಂಬುದು ನನ್ನ ವಾದ. ಮಲಪ್ರಭೆಯ ಈ ಸೀಮೆಯಲ್ಲಿ ಹಾಡೆಂದರೆ ಬಹಳ ಕಾಲದಿಂದ ತಕರಾರು. ಗೀಗೀ ಪದದ ಹರದೇಶಿಯವರದು ತುರಾಯಿ, ಅವರಿಗೆ ಶಿವ ದೊಡ್ಡವ, ಗಂಡು ಮೇಲು. ನಾಗೇಶಿಯವರದು ಕಲ್ಗಿ, ಅವರಿಗೆ ಶಕ್ತಿಯಿಲ್ಲದೆ ಶಿವನಿಗೆ ಎದ್ದು ನಿಲ್ಲುವುದಕ್ಕೂ ಆಗದು. ದಪ್ಪು, ತಾಳ, ತುಂತುಣಿ ಎರಡೂ ಕಡೆ ಒಂದೇ, ಪುರಾಣವೂ ಒಂದೇ. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಜವಾಬು ಕೊಡಬೇಕು, ಕೊಡುತ್ತ ಕೊಡುತ್ತ ಬೆಳಗಾಗಬೇಕು. ಡೊಳ್ಳಿನ ಹಾಡಿಕಿಯಲ್ಲೂ ಇದೇ ನಡೆ. ಜಾತ್ರೆಯ ಕರಪತ್ರದಲ್ಲಿ 'ಜಿದ್ದಾಜಿದ್ದಿ' ಎಂಬ ಅಕ್ಷರಗಳು ದೇವರ ಹೆಸರಿಗಿಂತ ಒಂದು ಅಳತೆ ದಪ್ಪವಾಗಿಯೇ ಅಚ್ಚಾಗುತ್ತವೆ. ಹುಟ್ಟಿದಾರಭ್ಯ ಹಾಡನ್ನು ಹೀಗೆ ವಾದಿ-ಪ್ರತಿವಾದಿಗಳ ನಡುವೆ ಕೂತು ಕೇಳಿದವನ ಕಿವಿ ಯಾವುದನ್ನಾದರೂ ಸುಮ್ಮನೆ ಮೆಚ್ಚೀತು ಹೇಗೆ? ಒಂದನ್ನು ಮೆಚ್ಚಬೇಕಾದರೆ ಇನ್ನೊಂದನ್ನು ಸೋಲಿಸಬೇಕು.

ಈ ಪಕ್ಷ ಅವನ ಬದುಕಿನ ನಂಬಿಕೆ ಎಂದು ಮಾತ್ರ ತಿಳಿಯಬಾರದು. ಅಜ್ಜನ ಕಾಲದಿಂದ ಕಟ್ಟಾ ನಾಗೇಶಿಯಾದವನು, ಹೆಣ್ಣೇ ಜಗತ್ತಿನ ಮೂಲ ಎಂದು ನಡುರಾತ್ರಿಯವರೆಗೆ ತಲೆದೂಗಿ ಮನೆಗೆ ಬಂದು, ಮಲಗಿದ್ದ ಹೆಂಡತಿಯನ್ನು ಎಬ್ಬಿಸಿ ಚಹಾ ಮಾಡಿಸುತ್ತಾನೆ. ಗಂಡೇ ಮೇಲೆಂದು ಗುಡುಗುವ ಹರದೇಶಿಯವನು ಜಾತ್ರೆಗೆ ಹೊರಡುವ ಮುನ್ನ ಎರಡು ದಿನ ಮನೆಯಲ್ಲಿ ಹೇಳಿದ ಕೆಲಸವನ್ನೆಲ್ಲ ತಪ್ಪದೆ ಮಾಡಿ ಅಪ್ಪಣೆ ಸಂಪಾದಿಸಿರುತ್ತಾನೆ. ಹಾಡಿನ ಪಕ್ಷಕ್ಕೂ ಮನೆಯ ಪಕ್ಷಕ್ಕೂ ಸಂಬಂಧ ಕಲ್ಪಿಸುವವರು ಹೊರಗಿನವರು.

ದೂರದ ದೇಶದಲ್ಲಿ ಇವನಿಗೊಬ್ಬ ಅಣ್ಣತಮ್ಮನಿದ್ದಾನೆ. 1969ರಲ್ಲಿ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಎಲ್‌ಪಿ ಬಂದಾಗಿನಿಂದ ಇಂಗ್ಲೆಂಡಿನಲ್ಲಿ ಪ್ರೋಗ್ರೆಸಿವ್ ರಾಕ್ ಎಂಬ ಸಂಗೀತಕ್ಕೆ ಭಕ್ತವರ್ಗವೊಂದು ಕೂಡಿಕೊಂಡಿತು. ಮೂರು ನಿಮಿಷದ ಹಾಡು ಅವರಿಗೆ ಹಾಡೇ ಅಲ್ಲ. ಜೆನೆಸಿಸ್ ತಂಡದ 'ಸಪರ್ಸ್ ರೆಡಿ' ಸುಮಾರು 23 ನಿಮಿಷ, ಎಲ್‌ಪಿಯ ಒಂದು ಮಗ್ಗುಲನ್ನು ಹೆಚ್ಚೂಕಡಿಮೆ ಒಂದೇ ನುಂಗುತ್ತದೆ. ತಾಳವೂ ನಾಲ್ಕರಲ್ಲಿ ನಡೆದರೆ ಅವರಿಗೆ ಸಪ್ಪೆ. ಪಿಂಕ್ ಫ್ಲಾಯ್ಡ್ ತಂಡದ 'ಮನಿ' ಏಳರಲ್ಲಿ ನಡೆಯುತ್ತದೆ ಎಂಬುದನ್ನು ಅಲ್ಲಿನ ರಸಿಕ ಎದುರಿಗೆ ಸಿಕ್ಕವರಿಗೆಲ್ಲ ಬೆರಳು ಮಡಚಿ ತೋರಿಸುತ್ತಾನೆ. (ನಮ್ಮ ಕಡೆಯ ತಬಲಾ ಮಾಸ್ತರು ಇದನ್ನು ಕೇಳಿ, "ಅಂದ್ರ ರೂಪಕ" ಎಂದು ಅಡಕೆ ಕತ್ತರಿಸುವುದನ್ನು ಮುಂದುವರಿಸುತ್ತಾರೆ.) 1972ರಲ್ಲಿ ಜೆಥ್ರೋ ಟಲ್ ತಂಡ 'ಥಿಕ್ ಆ್ಯಸ್ ಎ ಬ್ರಿಕ್' ಎಂಬ ಒಂದೇ ಹಾಡನ್ನು ಎಲ್‌ಪಿಯ ಎರಡೂ ಮಗ್ಗುಲಿಗೆ ಹಬ್ಬಿಸಿತು. ಇಂಥ ಘನಗಂಭೀರ ಆಲ್ಬಮ್ಮುಗಳನ್ನು ಗೇಲಿ ಮಾಡಲೆಂದೇ ಅದನ್ನು ಕಟ್ಟಿದ್ದೆಂದು ತಂಡದ ಇಯಾನ್ ಆಂಡರ್ಸನ್ ಆಮೇಲೆ ಹೇಳಿಕೊಂಡರು. ರಸಿಕರು ಗೇಲಿಯನ್ನೂ ಭಕ್ತಿಯಿಂದಲೇ ಕೇಳಿ ಮುಗಿಸಿದ್ದರು. ಇನ್ನು 1975ರಲ್ಲಿ ಪೀಟರ್ ಗೇಬ್ರಿಯಲ್ ಜೆನೆಸಿಸ್ ಬಿಟ್ಟದ್ದೇ ತಡ, ಬಿಡುವ ಮುಂಚಿನದು ನಿಜವಾದದ್ದು, ಆಮೇಲಿನದು ಮಾರಾಟದ್ದು ಎಂಬ ಎರಡು ಪಂಗಡಗಳಾದವು. ಹರದೇಶಿ-ನಾಗೇಶಿ ಎಂಬ ಹೆಸರೊಂದನ್ನು ಅವರು ಇಟ್ಟುಕೊಂಡಿಲ್ಲ, ಅಷ್ಟೆ. ಒಂದೇ ಹಾಡು ನಲವತ್ತು ನಿಮಿಷಕ್ಕೂ ಮಿಕ್ಕಿದೆ ಎಂಬ ಅವರ ಹೆಮ್ಮೆಯನ್ನು ನಮ್ಮವನೆದುರು ಹೇಳಿದರೆ ಬರುವ ಮಾತು ಇಷ್ಟೇ: "ನಲವತ್ತ ನಿಮಿಷ? ನಮ್ಮಲ್ಲಿ ಅಷ್ಟೊತ್ತು ಗಣಪತಿ ಸ್ತುತೀನ ಹಿಡೀತೈತಿ."

ಮತ್ತೆ ನಮ್ಮ ಸೀಮೆಗೆ ಬಂದರೆ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರುಗಳ ರಸಿಕರು ಒಂದೇ ಅಚ್ಚಿನವರಲ್ಲ. ಬೈಲಹೊಂಗಲದವನ ರೋಗ ಎಲ್ಲಕ್ಕಿಂತ ಹಳೆಯದು, ಏಕೆಂದರೆ ಅವನಿಗೆ 'ಸಂಗ್ಯಾ ಬಾಳ್ಯಾ' ಸಣ್ಣಾಟವೂ ಹೌದು, ಊರ ಸುದ್ದಿಯೂ ಹೌದು. ಸಂಗ್ಯಾ, ಅವನ ಗೆಣೆಕಾರ ಬಾಳ್ಯಾ, ವ್ಯಾಪಾರಿಯ ಹೆಂಡತಿ ಗಂಗಿ ಇವರ ಕತೆ ನಡೆದದ್ದು ಈ ಊರಲ್ಲೇ. ಹಾಗಾಗಿ ಅವನು ಆಟ ನೋಡಲು ಪ್ರೇಕ್ಷಕನಂತೆ ಹೋಗುವುದಿಲ್ಲ, ಕೊಲೆ ಖಟ್ಲೆಯ ಸಾಕ್ಷಿಯಂತೆ ಹೋಗುತ್ತಾನೆ. ಬಾಳ್ಯಾ ಗೆಳೆಯನಿಗೆ ಕೈ ಕೊಟ್ಟದ್ದು ದುಡ್ಡಿಗೋ ಅಂಜಿಕೆಗೋ ಎಂಬುದರ ಮೇಲೆ ಅವನಿಗೆ ಖಚಿತ ಅಭಿಪ್ರಾಯವಿದೆ. ಬಾಳ್ಯಾನ ಪಾತ್ರದವನು ಆ ಅಭಿಪ್ರಾಯಕ್ಕೆ ತಕ್ಕಂತೆ ಹಾಡದಿದ್ದರೆ ಧ್ವನಿ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಚಂದ್ರಶೇಖರ ಕಂಬಾರರ ಕೈ ಹತ್ತಿ ಈ ಕತೆ ಪಟ್ಟಣದ ರಂಗಮಂದಿರಗಳನ್ನು ಸೇರಿತು, 1992ರಲ್ಲಿ ಸುಂದರಕೃಷ್ಣ ಅರಸರು ಸಿನೆಮಾ ಮಾಡಿದರು. ಇದರಿಂದ ಕತೆಯ ಕೀರ್ತಿ ನಾಡೆಲ್ಲ ಹಬ್ಬಿತು ಎಂದು ನಾವು ಸಂತೋಷಪಟ್ಟರೆ ಅವನು ಕೇಳುವುದು ಬೇರೆ: ಇಡೀ ರಾತ್ರಿ ಸಾಯಬೇಕಾದ ಸಂಗ್ಯಾನನ್ನು ಎರಡು ತಾಸಿನಲ್ಲಿ ಕೊಂದರೆ ಅವನಿಗೆ ನ್ಯಾಯ ಸಿಕ್ಕೀತೆ?

ಕಿತ್ತೂರಿನವನ ತಕರಾರು ಇತಿಹಾಸದ್ದು. ಅವನಿಗೆ ಲಾವಣಿ 1824ರ ಅಕ್ಟೋಬರ್ 23ಕ್ಕೆ ಏರಬೇಕು, ಬ್ರಿಟಿಷರ ಥ್ಯಾಕರೆ ಕೋಟೆಯೆದುರು ಸಾವಕಾಶವಾಗಿ ಬೀಳಬೇಕು. ಎರಡೇ ಸಾಲಿನಲ್ಲಿ ಥ್ಯಾಕರೆಯನ್ನು ಮುಗಿಸಿ ಮುಂದಕ್ಕೆ ಓಡುವ ಹಾಡುಗಾರನನ್ನು ಅವನು ಕ್ಷಮಿಸುವುದಿಲ್ಲ. ಅಲ್ಲಿಗೆ ಮಂಗಳವಾದರೆ ಅವನಿಗೆ ಸಮಾಧಾನ. ಬೈಲಹೊಂಗಲದವನು ಇದಕ್ಕೆ ಒಪ್ಪುವ ಮಾತೇ ಇಲ್ಲ: ರಾಣಿ ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ಕಣ್ಣು ಮುಚ್ಚಿದ್ದು ಬೈಲಹೊಂಗಲದಲ್ಲಿ, ಸಮಾಧಿ ಇರುವುದು ಇಲ್ಲಿ, ಹಾಡು ಅರ್ಧಕ್ಕೆ ನಿಲ್ಲಿಸಿದರೆ ಹೇಗೆ? ಸಂಗೊಳ್ಳಿಯ ಕಡೆಯವನೊಬ್ಬ ಕೂತಿದ್ದರೆ 1831ರವರೆಗೆ, ನಂದಗಡದಲ್ಲಿ ರಾಯಣ್ಣನ ಗಲ್ಲಿನವರೆಗೆ ಎಳೆಯಬೇಕು ಎನ್ನುತ್ತಾನೆ. ಹೀಗೆ ಒಂದು ಲಾವಣಿಯ ಉದ್ದ ಗೊತ್ತಾಗುವುದು ಕೇಳುವವನ ಊರಿನ ಮೇಲೆ. ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ 1880ರ ದಶಕದಲ್ಲಿ ಈ ಕಡೆಯ ಲಾವಣಿಗಳನ್ನು ಕೂಡಿಸಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸಿದ. ಅಚ್ಚಾಗಿದೆ, ಇನ್ನು ಜಗಳ ತೀರಿತು ಎಂದು ಪಂಡಿತರು ತಿಳಿದಿರಬಹುದು. ರಸಿಕನ ದೃಷ್ಟಿಯಲ್ಲಿ ಫ್ಲೀಟ್‌ನದು ಇನ್ನೊಂದು ಮ್ಯಾಳ, ಅದೂ ಎದುರಿನ ಮ್ಯಾಳ.

ಸವದತ್ತಿಯವನು ತಾಲ್ಲೂಕಿನ ಏಣಗಿ ಗ್ರಾಮದ ಬಾಳಪ್ಪನವರ ಹೆಸರಿಲ್ಲದೆ ಮಾತು ಶುರು ಮಾಡುವುದಿಲ್ಲ. 1914ರಲ್ಲಿ ಹುಟ್ಟಿ 2017ರವರೆಗೆ ಬದುಕಿದ ಈ ನಟ-ಗಾಯಕರು ರಂಗದ ಮೇಲೆ ಬಸವಣ್ಣನಾದದ್ದನ್ನು ಕಣ್ಣಾರೆ ಕಂಡವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಬೇಕಿತ್ತು; ಸವದತ್ತಿಯಲ್ಲಿ ಅದು ಏರುತ್ತಲೇ ಇದೆ. ಅವನಿಗೆ ಪೇಟಿಯ ದನಿ ಕೇಳಿದೊಡನೆ ಕಂಪನಿ ನಾಟಕದ ನೆನಪು, ಅದರೊಡನೆ ಈಗಿನವರ ಮೇಲೆ ಸಿಟ್ಟು. ಆದರೆ ಎಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿಮೆಗೆ ಚೌಡಕಿಯ ಸದ್ದು ಎದ್ದಾಗ ಮಾತ್ರ ಈ ಸೂಕ್ಷ್ಮಗಳನ್ನೆಲ್ಲ ಮರೆತು ಬಾಯಿ ಮುಚ್ಚಿ ನಿಲ್ಲುತ್ತಾನೆ. ಅಲ್ಲಿ ಎದುರು ಪಕ್ಷವಿಲ್ಲ, ಅವನಿಗೆ ಹೇಳಲಿಕ್ಕೂ ಏನಿಲ್ಲ. ರಾಮದುರ್ಗದವನು 'ಶ್ರೀಕೃಷ್ಣ ಪಾರಿಜಾತ' ಆಟದ ಪೈಕಿ. ಕುಲಗೋಡ ತಮ್ಮಣ್ಣ ಹಾಕಿದ ದಾರಿ ಬಿಟ್ಟು ಯಾರಾದರೂ ಒಂದು ಹೆಜ್ಜೆ ಆಚೀಚೆ ಇಟ್ಟರೆ ಎದ್ದು ನಿಲ್ಲುತ್ತಾನೆ. ದಿನವೆಲ್ಲ ಮಗ್ಗದ ಸದ್ದಿನಲ್ಲಿ ಕೂತ ಕಿವಿ ತಾಳ ತಪ್ಪಿದ್ದನ್ನು ಥಟ್ಟನೆ ಹಿಡಿಯುತ್ತದೆ ಎಂಬುದು ಅವನದೇ ಹೇಳಿಕೆ, ಪರೀಕ್ಷಿಸಿದವರಿಲ್ಲ.

ಇದೆಲ್ಲ ಮುದುಕರ ಹಳೆ ಹಾಡು, ವಯಸ್ಸಿನ ಕಾಯಿಲೆ ಎಂದು ಆಕ್ಷೇಪಿಸುವವರಿದ್ದಾರೆ. ಅವರು ಕಬ್ಬಿನ ಹಂಗಾಮಿನಲ್ಲಿ ಈ ರಸ್ತೆಗಳ ಪಕ್ಕ ಒಂದು ರಾತ್ರಿ ನಿಂತು ನೋಡಬೇಕು. ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರಿನ ಮೇಲೆ ಕೂತವನಿಗೆ ಮೀಸೆ ಈಗಷ್ಟೇ ಮೂಡಿದೆ, ಸೀಟಿನ ಹಿಂದೆ ಅವನ ಎದೆಯೆತ್ತರದ ಸ್ಪೀಕರ್, ಅದರಲ್ಲಿ ಡೊಳ್ಳಿನ ಪದ. ಅದನ್ನು ಬದಲಿಸಿ ಇನ್ನೊಂದು ಊರಿನ ಮ್ಯಾಳದ್ದು ಹಚ್ಚು ಎಂದು ಹೇಳಿ ನೋಡಿ. ಕಬ್ಬು ಅಲ್ಲೇ ಒಣಗಿದರೂ ಸರಿ, ಗಾಡಿ ನಿಲ್ಲಿಸಿ ವಾದಕ್ಕಿಳಿಯುತ್ತಾನೆ. ಅವನ ಅಜ್ಜ ಬಂಡಿ ಕಟ್ಟಿಕೊಂಡು ಹೋಗಿ ಕೇಳಿದ ಜಿದ್ದನ್ನು ಇವನು ಮೊಬೈಲಿನ ಚಿಪ್ಪಿನಲ್ಲಿ ತುಂಬಿಸಿಕೊಂಡಿದ್ದಾನೆ. ಹಳೆಯದರ ಮೋಹವೇ ಕಾರಣವಾಗಿದ್ದರೆ ಇಪ್ಪತ್ತರವನಿಗೆ ಇದು ಅಂಟಬಾರದಿತ್ತು.

ಇನ್ನೊಂದು ಆಕ್ಷೇಪ ತುಸು ಗಟ್ಟಿಯದು: ಇವನಿಗೆ ಸಂಗೀತವೇ ತಿಳಿಯದು, ರಾಗದ ಹೆಸರು ಕೇಳಿದರೆ ಮುಖ ತಿರುಗಿಸುತ್ತಾನೆ ಎಂಬುದು. ಇದನ್ನು ಹೇಳುವವರು ಹೆಚ್ಚಾಗಿ ಧಾರವಾಡದವರು, ಅಂದರೆ ಇದೇ ರೋಗದ ಶುಭ್ರ ಇಸ್ತ್ರಿಯ ರೂಪ. ಧಾರವಾಡದ ಬೈಠಕ್ಕಿನ ರಸಿಕ ಮಲ್ಲಿಕಾರ್ಜುನ ಮನ್ಸೂರರನ್ನು ಮೆಚ್ಚುವುದು ಅವರ ಶಿವಮತ್ ಭೈರವ, ಬಸಂತಿ ಕೇದಾರಗಳಂಥ ಅಪರೂಪದ ರಾಗಗಳಿಂದ. ಯಮನ್ ಎಂದರೆ ಅದು ಕಲಿಯುವ ಹುಡುಗರಿಗೆ ಎಂಬ ಭಾವ. ಆ ಮನ್ಸೂರರು ಚಿಕ್ಕಂದಿನಲ್ಲಿ ನಾಟಕ ಕಂಪನಿಯಲ್ಲಿ ಹಾಡಿದವರು, ವನ್ಸ್‌ಮೋರ್ ಕೂಗುವ ಮಂದಿಯ ಎದುರು ಗಂಟಲು ಪಳಗಿಸಿದವರು ಎಂಬುದನ್ನು ಈ ಬೈಠಕ್ಕು ಅಷ್ಟಾಗಿ ನೆನೆಯುವುದಿಲ್ಲ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಘರಾಣೆಯ ಗೆರೆ ದಾಟಿದ್ದು ಸರಿಯೋ ತಪ್ಪೋ ಎಂದು ಅಲ್ಲಿ ಇಂದಿಗೂ ಚಹಾ ಆರಿಸಿಕೊಳ್ಳುತ್ತಾರೆ. ಅಲ್ಲೂ ಎರಡು ಮ್ಯಾಳಗಳೇ. ಹಾಡಿಕಿಯ ರಸಿಕನ ತಿಳಿವಳಿಕೆ ಬೇರೆ ಜಾತಿಯದು. ಹಾಕಿದ ಸವಾಲಿಗೆ ನೇರ ಜವಾಬು ಬಂತೋ, ಹಾಡುಗಾರ ದನಿಯ ಬೆಡಗಿನಲ್ಲಿ ನುಣುಚಿಕೊಂಡನೋ ಎಂಬುದು ಅವನಿಗೆ ಕೂಡಲೇ ತಿಳಿಯುತ್ತದೆ. ನುಣುಚಿಕೊಂಡವನಿಗೆ ಆಹೇರಿ ಬರುವುದಿಲ್ಲ. ಜವಾಬು ಸರಿಬಿದ್ದರೆ ಎದುರು ಪಕ್ಷದವನೂ ಎದ್ದು ಹೋಗಿ ಹತ್ತೋ ಐವತ್ತೋ ಕೊಟ್ಟು, ಮೈಕಿನಲ್ಲಿ ತನ್ನ ಹೆಸರು ಹೇಳಿಸಿಕೊಂಡು ಬಂದು ಕೂರುತ್ತಾನೆ. ಎದುರಾಳಿಗೆ ಕೈಯಾರೆ ದುಡ್ಡು ಕೊಡುವ ಈ ಶಿಸ್ತನ್ನು ಧಾರವಾಡದ ಬೈಠಕ್ಕಿನಲ್ಲೂ ಲಂಡನ್ನಿನ ಎಲ್‌ಪಿ ಅಂಗಡಿಯಲ್ಲೂ ಹುಡುಕಿದರೆ ಸಿಗುವುದು ಕಷ್ಟ.

ಪಕ್ಷ ಹಿಡಿದ ಕಿವಿಗೆ ಹೊಸದು ಕೇಳಿಸುವುದಿಲ್ಲ ಎಂಬ ಮೂರನೆಯ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಪೂರ್ತಿ ಜವಾಬಿಲ್ಲ. ಅವನು ಯಾರನ್ನೂ ವೇಳೆಗೆ ಸರಿಯಾಗಿ ಹೊಗಳಿದವನಲ್ಲ. ಪಾರಿಜಾತದ ಕೌಜಲಗಿ ನಿಂಗಮ್ಮನ ಹೆಸರನ್ನು ಇಂದು ಗೌರವದಿಂದ ಎತ್ತುವ ಬಾಯಿಯೇ, ನಾಗೇಶಿ ಹಾಡಲು ಬಂದ ಈಗಿನ ಹೆಣ್ಣುಮಗಳನ್ನು ಕಂಡು ಮೊದಲು ಕೇಳುವುದು ಅವಳ ಊರು, ಮನೆ, ಗಂಡನ ವಿಚಾರ. ಹಾಡಿನ ವಿಚಾರ ಆಮೇಲೆ. ಶಕ್ತಿಯೇ ಮೇಲೆಂಬ ಪಕ್ಷದವನೇ ಹೀಗೆ ಕೇಳುವುದು ನಗೆ ಬರಿಸುವಂಥದ್ದು, ಹಾಡುವವಳಿಗೆ ಬರಿಸುವಂಥದ್ದಲ್ಲ. ಅವಳು ಮೂರು ಜಾವ ಹಾಡಿ ಎದುರಿನವನ ಬಾಯಿ ಕಟ್ಟಿದ ಮೇಲೆ, "ನಮ್ಮ ಕಡೀ ಹೆಣ್ಣಮಗಳು" ಎಂದು ಸ್ವಂತ ಮಾಡಿಕೊಳ್ಳುತ್ತಾನೆ. ಹಾಗೆ ಒಪ್ಪಿಕೊಳ್ಳಬೇಕಾದರೂ ಅವನಿಗೆ ಸೋತವನೊಬ್ಬ ಬೇಕು.

ಹಾಡುವವರಿಗೆ ಇಷ್ಟೆಲ್ಲ ಜಿದ್ದಿಲ್ಲ. ಎರಡೂ ಮ್ಯಾಳಗಳನ್ನು ಜಾತ್ರಾ ಕಮಿಟಿ ಜೋಡಿಯಾಗಿಯೇ ಕರೆಸಿರುತ್ತದೆ, ಇಬ್ಬರಿಗೂ ಮುಂಗಡ ಮುಟ್ಟಿರುತ್ತದೆ, ರಾತ್ರಿ ಊಟಕ್ಕೆ ಒಂದೇ ಪಂಕ್ತಿ. ರಸಿಕನಿಗೆ ಇದು ಗೊತ್ತಿದೆ, ಆದರೆ ಗೊತ್ತಿರುವುದನ್ನು ಕೇಳುವಿಕೆಯ ನಡುವೆ ಬರಗೊಡುವುದಿಲ್ಲ. ಬೆಳಗಿನ ಜಾವ ಶಿವನೂ ಶಕ್ತಿಯೂ ಒಂದೇ, ಹೆಚ್ಚುಕಡಿಮೆ ಯಾರೂ ಇಲ್ಲ ಎಂದು ಇಬ್ಬರೂ ಕೂಡಿ ಮಂಗಳ ಹಾಡುವ ರೂಢಿಯುಂಟು. ಅದಕ್ಕೆ ದಪ್ಪು ಏಳುವಷ್ಟರಲ್ಲಿ ರಸಿಕ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿರುತ್ತಾನೆ. "ಮಂಗಳ ಕೇಳೂದಿಲ್ಲೇನ್ರಿ ಕಾಕಾ?" ಎಂದು ಹುಡುಗರು ಕೂಗಿದರೆ, ತಿರುಗಿ ನೋಡದೆ ಹೇಳುತ್ತಾನೆ: "ರಾಜಿ ಆದ ಮ್ಯಾಲೆ ಏನ್ ಕೇಳೂದಲೇ?"